ಬಟ್ಟೆ ತೊಳೆಯಬೇಡಿ

ಅಜ್ಜಿಯ ಸೊಂಟದಲ್ಲಿ ಹಳೆ ಸೀರೆಯ ತುಂಡೊಂದು ಮಡಚಿ ಸಿಕ್ಕಿಸಿತ್ತು. "ಸಿಸ್ಟರ್, ಹಸಿರು ಹಸಿರು ಕಕ್ತು, ನೋಡಿ" ಎಂದು ಬಿಚ್ಚಲು ಹೋದರು. ನಾನು ನೋಡಲಿಲ್ಲ. ವಾರ್ಡಿನ ತುಂಬ ಬಾಣಂತಿಯರು, ಕರೆಂಟಿಲ್ಲ, ಹೊರಗೆ ಜುಲೈ ತಿಂಗಳ ಮಳೆ. "ಮಕ್ಕಳು ಕಕ್ಕದೆ ಇರ್ತಾವಾ ಅಜ್ಜಿ, ತೇಗು ಬರಿಸಿ ಮಲಗಿಸಿ" ಅಂದೆ. ಕೇಸ್ ಶೀಟಿನಲ್ಲಿ ಬರೆದದ್ದು ಒಂದೇ ಶಬ್ದ: ವಾಂತಿ. ಬಣ್ಣ ಬರೆಯಲಿಲ್ಲ.

ಅದು 2011. ಉತ್ತರ ಕನ್ನಡದ ಘಟ್ಟದ ಮೇಲಿನ ಒಂದು ತಾಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನಾನು ನರ್ಸ್. ಕೂಸಿಗೆ ನಾಲ್ಕು ದಿನ. ರಾತ್ರಿ ಡ್ಯೂಟಿಯ ಡಾಕ್ಟರು ನನ್ನ 'ವಾಂತಿ'ಯನ್ನು ಓದಿ ಡ್ರಿಪ್ ಹಾಕಿಸಿದರು. ಬೆಳಗಾಗುವಷ್ಟರಲ್ಲಿ ಕೂಸಿನ ಹೊಟ್ಟೆ ಬಿಗಿದಿತ್ತು, ಬಟ್ಟೆಯಲ್ಲಿ ರಕ್ತ. 'ಹೆಚ್ಚಿನ ಚಿಕಿತ್ಸೆಗಾಗಿ' ಎಂದು ಚೀಟಿ ಬರೆದು 108ಕ್ಕೆ ಹತ್ತಿಸಿದೆವು. ಮೊದಲು ಹೋದ ಕಡೆ ಮಕ್ಕಳ ಸರ್ಜನ್ ರಜೆಯಲ್ಲಿದ್ದರು. ಎರಡನೇ ಕಡೆ ಸರ್ಜನ್ ಇದ್ದರು, ನವಜಾತ ಶಿಶುಗಳ ಐಸಿಯುನಲ್ಲಿ ಬೆಡ್ ಇರಲಿಲ್ಲ. ಮೂರನೆಯ ಕಡೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಆ ರಾತ್ರಿಯೇ ಹೊಟ್ಟೆ ತೆರೆದರಂತೆ. ಕರುಳು ಪೂರ್ತಿ ಕಪ್ಪಾಗಿತ್ತಂತೆ. ಮೂರನೇ ದಿನ ಕೂಸು ಹೋಯಿತು.

ಹುಟ್ಟಿದ ದಾಖಲೆ ತೆಗೆದುಕೊಳ್ಳಲು ಬಂದಾಗ ಅಜ್ಜಿ ಇದನ್ನೆಲ್ಲ ಸಮಾಧಾನವಾಗಿಯೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಕೇಳಿ, ಓದಿ ತಿಳಿದುಕೊಂಡೆ. ಗರ್ಭದಲ್ಲಿದ್ದಾಗ ಕರುಳು ಸುತ್ತು ತಿರುಗಿ ತನ್ನ ಜಾಗದಲ್ಲಿ ಅಗಲವಾಗಿ ಅಂಟಿಕೊಳ್ಳಬೇಕು. ಹಾಗಾಗದೆ ಸಣ್ಣ ತೊಟ್ಟಿನ ಮೇಲೆ ತೂಗಾಡಿಕೊಂಡಿದ್ದರೆ, ಹುಟ್ಟಿದ ಮೇಲೆ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ರಕ್ತ ನಿಂತರೆ ಕೆಲವೇ ಗಂಟೆಗಳಲ್ಲಿ ಕರುಳು ಸಾಯುತ್ತದೆ. ಹೊರಗೆ ಮೊದಲು ಕಾಣುವುದು ಹಸಿರು ವಾಂತಿ, ಅಷ್ಟೇ. ಹೊಟ್ಟೆ ಮೆತ್ತಗೇ ಇರಬಹುದು, ಕೂಸು ಅಳುತ್ತಲೂ ಇರಬಹುದು. ಹಾಲು ಹಾಲಾಗಿ ಕಕ್ಕುವುದೇ ಬೇರೆ, ಹಸಿರು ಪಿತ್ತ ಕಕ್ಕುವುದೇ ಬೇರೆ. ನವಜಾತ ಶಿಶು ಹಸಿರು ಕಕ್ಕಿದರೆ, ಅಲ್ಲ ಎಂದು ಸಾಬೀತಾಗುವ ತನಕ ಅದು ಸರ್ಜನ್ ನೋಡಬೇಕಾದ ಕೇಸು. ಆ ರಾತ್ರಿ ನನಗೆ ಇದು ಗೊತ್ತಿರಲಿಲ್ಲ. ಅಜ್ಜಿಗೆ ಯಾರೂ ಕಲಿಸದೆ ಗೊತ್ತಿತ್ತು, ಅದಕ್ಕೇ ಬಟ್ಟೆ ತೊಳೆಯದೆ ತಂದಿದ್ದರು.

ನಮ್ಮ ಜಿಲ್ಲೆಯ ಭೂಗೋಳವನ್ನೂ ಹೇಳಬೇಕು. ಜಿಲ್ಲಾ ಕೇಂದ್ರ ಕಾರವಾರ. ಕಾಗದಪತ್ರದ ದಾರಿ ಘಟ್ಟ ಇಳಿದು ಅಲ್ಲಿಗೇ ಹೋಗುತ್ತದೆ. ಶಿರಸಿ, ಯಲ್ಲಾಪುರ, ಮುಂಡಗೋಡ, ಹಳಿಯಾಳದವರು ಕಾಯಿಲೆ ಬಿದ್ದರೆ ಓಡುವುದು ಮಾತ್ರ ಹುಬ್ಬಳ್ಳಿಗೆ. ಸಿದ್ದಾಪುರದ ಕಡೆಯವರು ಶಿವಮೊಗ್ಗ ನೋಡುತ್ತಾರೆ. ಭಟ್ಕಳ, ಹೊನ್ನಾವರದವರಿಗೆ ಮಣಿಪಾಲ, ಮಂಗಳೂರು. ಕಾರವಾರದವರಿಗೆ ಗೋವಾದ ಬಾಂಬೋಳಿ ಹತ್ತಿರ. ಎಲ್ಲೂ ಆಗದಿದ್ದರೆ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ. ಒಂದೇ ಜಿಲ್ಲೆಯ ಕೂಸುಗಳು ಹೀಗೆ ದಿಕ್ಕಿಗೊಂದರಂತೆ ಹೊರಡುತ್ತವೆ. ಅದರ ಮೇಲೆ ಮಳೆಗಾಲ. 2021ರ ಜುಲೈಯಲ್ಲಿ ಅರಬೈಲ್ ಘಟ್ಟ ಕುಸಿಯಿತು. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಗೆ ಬಂತು.

2022ರ ಜುಲೈಯಲ್ಲಿ ಹೊನ್ನಾವರದಿಂದ ಉಡುಪಿ ಕಡೆ ಹೊರಟಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಟೋಲ್‌ಗೇಟಿನಲ್ಲಿ ಜಾರಿ ಉರುಳಿದ ದೃಶ್ಯವನ್ನು ನೀವೂ ನೋಡಿರುತ್ತೀರಿ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಆಗ ಎದ್ದ ಕೂಗಿಗೆ ನನ್ನ ದನಿಯೂ ಸೇರಿದೆ. ಆದರೆ 'ತಾಲೂಕಿಗೊಬ್ಬ ಮಕ್ಕಳ ಸರ್ಜನ್ ಕೊಡಿ' ಎಂದು ಭಾಷಣ ಮಾಡುವವರಿಗೆ ನಾನು ಚಪ್ಪಾಳೆ ತಟ್ಟುವುದಿಲ್ಲ. ಎಂ.ಬಿ.ಬಿ.ಎಸ್. ಆದ ಮೇಲೆ ಮೂರು ವರ್ಷ ಎಂ.ಎಸ್., ಅದರ ಮೇಲೆ ಮೂರು ವರ್ಷ ಎಂ.ಸಿಎಚ್. ಮುಗಿಸಿ ಬಂದವರನ್ನು ನಮ್ಮಂಥ ಕಡೆ ಕೂರಿಸಿದರೆ ಅವರು ಮಾಡುವುದೇನು? ಎರಡೂವರೆ ಕಿಲೋ ಕೂಸಿಗೆ ಅರಿವಳಿಕೆ ಕೊಡಲು ಪಳಗಿದ ಕೈ ಬೇಕು. ಆಪರೇಷನ್ ಆದ ಮೇಲೆ ವೆಂಟಿಲೇಟರ್ ಬೇಕು, ರಾತ್ರಿಯೆಲ್ಲ ಎಚ್ಚರ ಇರುವ ನರ್ಸುಗಳು ಬೇಕು, ರಕ್ತನಿಧಿ ಬೇಕು. ಗುದದ್ವಾರವೇ ಇಲ್ಲದೆ ಹುಟ್ಟುವ ಮಕ್ಕಳು ಸುಮಾರು ಐದು ಸಾವಿರಕ್ಕೊಬ್ಬರು. 2011ರ ಜನಗಣತಿಯಲ್ಲಿ ನಮ್ಮ ಇಡೀ ಜಿಲ್ಲೆಗೆ ಹದಿನಾಲ್ಕು ಲಕ್ಷ ಚಿಲ್ಲರೆ ಜನ. ಅಂಥ ಮಗು ಒಂದು ತಾಲೂಕಿಗೆ ವರ್ಷಕ್ಕೊಂದು ಬಂದರೆ ಹೆಚ್ಚು. ಕೈ ಆಡದಿದ್ದರೆ ಸರ್ಜನ್ ಕೈಯೂ ಮರೆಯುತ್ತದೆ. ಪೂರ್ತಿ ತಂಡ ಇರುವ ಜಾಗ ಜಿಲ್ಲೆಗೊಂದು, ಕೊನೆಗೆ ಎರಡು ಜಿಲ್ಲೆಗೊಂದು ಇದ್ದರೂ ಸಾಕು. ಒಂಟಿ ಡಾಕ್ಟರನ್ನು ಕಳಿಸಿದರೆ ಅವರು ಆರು ತಿಂಗಳಿಗೆ ವರ್ಗಾವಣೆ ಮಾಡಿಸಿಕೊಳ್ಳುತ್ತಾರೆ, ಬಾಗಿಲ ಮೇಲಿನ ಬೋರ್ಡು ಮಾತ್ರ ಉಳಿಯುತ್ತದೆ.

ತುರ್ತು ಕೇಸುಗಳ ಸುದ್ದಿ ಪೇಪರಿನಲ್ಲಿ ಬರುತ್ತದೆ. ದೂರದಿಂದಾಗಿ ನಿಧಾನಕ್ಕೆ ಕೆಡುವವರ ಲೆಕ್ಕ ಎಲ್ಲೂ ಬರುವುದಿಲ್ಲ. ವೃಷಣ ಕೆಳಗಿಳಿಯದ ಗಂಡುಮಗುವಿಗೆ ಆರು ತಿಂಗಳು ಕಳೆದ ಮೇಲೆ, ಒಂದೂವರೆ ವರ್ಷದೊಳಗೆ ಆಪರೇಷನ್ ಆಗಬೇಕು. ನಮ್ಮಲ್ಲಿ ಒಂಬತ್ತು, ಹತ್ತು ವರ್ಷದ ಹುಡುಗರು ಬರುತ್ತಾರೆ. ಹುಟ್ಟಿದಾಗಲೇ ಹೇಳಿದ್ದೆವಲ್ಲ ಎಂದು ಕೇಳಿದರೆ ಅಪ್ಪ ತಲೆ ಕೆರೆದುಕೊಳ್ಳುತ್ತಾನೆ: "ಹುಬ್ಬಳ್ಳಿಗೆ ಎರಡು ಸಲ ಹೋಗಿದ್ವಿ ಸಿಸ್ಟರ್. ಒಂದು ಸಲ ಅವ್ರು ಬರೋ ವಾರ ಅಲ್ಲ ಅಂದ್ರು, ಇನ್ನೊಂದು ಸಲ ಸ್ಕ್ಯಾನ್ ಮಾಡಿಸ್ಕೊಂಡು ಬನ್ನಿ ಅಂದ್ರು. ಆಮೇಲೆ ಅಡಿಕೆ ಕೊಯ್ಲು ಬಂತು." ಮೂರು ದಿನದ ಕೂಲಿ, ಬಸ್ ಚಾರ್ಜು, ಮನೆಯಲ್ಲಿ ಎಮ್ಮೆ. ಯಾರನ್ನು ಬೈಯುವುದು? ಇಂಥ ಕೇಸುಗಳಿಗೆ, ತೊಡೆಸಂದಿನ ಹರ್ನಿಯಾ ಇರುವ ದೊಡ್ಡ ಮಕ್ಕಳಿಗೆ, ತಿಂಗಳಿಗೊಂದು ದಿನ ಸರ್ಜನ್ನೇ ಜಿಲ್ಲಾ ಆಸ್ಪತ್ರೆಗೆ ಬಂದು ನೋಡಿ ತಾರೀಕು ಕೊಟ್ಟರೆ ಸಾಕು. ದೊಡ್ಡ ಕಟ್ಟಡ ಬೇಡ, ಕಾರಿಗೆ ಡೀಸೆಲ್ ಬೇಕು. ಹೇಳಿದ್ದೇನೆ, ಬರೆದೂ ಕೊಟ್ಟಿದ್ದೇನೆ.

ದೂರವನ್ನು ಕಡಿಮೆ ಮಾಡುವುದು ನನ್ನ ಕೈಯಲ್ಲಿಲ್ಲ. ಹಾಗಾಗಿ ಕೈಯಲ್ಲಿದ್ದದ್ದನ್ನು ಸರಿಮಾಡಿಕೊಂಡೆ. ಈಗ ನಾವು ಕೂಸನ್ನು ಊರಿಗೆ ಕಳಿಸುವುದಿಲ್ಲ, ಒಬ್ಬ ಡಾಕ್ಟರ ಹೆಸರಿಗೆ ಕಳಿಸುತ್ತೇವೆ. ಡಾಕ್ಟರ ಟೇಬಲ್ಲಿನ ಗಾಜಿನ ಕೆಳಗೆ ಫೋನ್ ನಂಬರುಗಳ ಚೀಟಿಯಿದೆ. ಯಾರು ಬಿಟ್ಟು ಹೋದರು, ಯಾರು ಹೊಸಬರು ಎಂದು ಎರಡು ತಿಂಗಳಿಗೊಮ್ಮೆ ನಾನೇ ತಿದ್ದುತ್ತೇನೆ. ಸರ್ಜನ್ ಇವತ್ತು ಊರಲ್ಲಿದ್ದಾರಾ, ಅರಿವಳಿಕೆಯವರು ಸಿಗುತ್ತಾರಾ, ಬೆಡ್ ಖಾಲಿ ಇದೆಯಾ ಎಂದು ಕೇಳಿ, 'ಕಳಿಸಿ' ಅಂದವರ ಹೆಸರು, ಗಂಟೆ ಚೀಟಿಯಲ್ಲಿ ಬರೆದೇ ಗಾಡಿ ಹೊರಡುತ್ತದೆ. ತಾಯಿ ಸಿಸೇರಿಯನ್ ಆಗಿ ಇಲ್ಲೇ ಮಲಗಿರುತ್ತಾಳೆ. ಅವಳ ರಕ್ತದ ಸ್ಯಾಂಪಲ್ ಜೊತೆಗೆ ಹೋಗದಿದ್ದರೆ ಅಲ್ಲಿ ಕೂಸಿಗೆ ರಕ್ತ ಹೊಂದಿಸುವುದು ತಡವಾಗುತ್ತದೆ. ಸಹಿ ಹಾಕುವವರು ಗಾಡಿಯಲ್ಲಿರಬೇಕು. ಅಪ್ಪ ಬೈಕಿನಲ್ಲಿ ಹಿಂದೆ ಬರುತ್ತೇನೆ ಅಂದರೆ ನಾನು ಬಿಡುವುದಿಲ್ಲ. ರೈಲ್ಸ್ ಟ್ಯೂಬ್ ಹಾಕಿ ಹೊಟ್ಟೆ ಖಾಲಿ ಮಾಡಿ, ಟೋಪಿ ಹಾಕಿ, ಅಜ್ಜಿಯದೋ ಅತ್ತೆಯದೋ ಎದೆಗೆ ಬರಿಮೈ ತಾಗಿಸಿ ಸೀರೆಯಿಂದ ಕಟ್ಟುತ್ತೇವೆ. ನೂರು ಕಿಲೋಮೀಟರಿನಲ್ಲಿ ತಣ್ಣಗಾಗಿ ಹೋದ ಕೂಸಿಗೆ ಎಷ್ಟು ದೊಡ್ಡ ಸರ್ಜನ್ ಇದ್ದರೂ ತಕ್ಷಣ ಕೈ ಹಚ್ಚಲಾಗುವುದಿಲ್ಲ.

2016ರಲ್ಲಿ ಒಂದು ಗಂಡುಕೂಸು ಹುಟ್ಟಿದ ಗಳಿಗೆಯಿಂದ ಬಾಯಲ್ಲಿ ನೊರೆ ಉಗುಳುತ್ತಿತ್ತು. ಟ್ಯೂಬ್ ಹಾಕಿದೆ. ಹತ್ತು ಸೆಂಟಿಮೀಟರ್ ಹೋಗಿ ನಿಂತಿತು, ಮುಂದೆ ಹೋಗಲಿಲ್ಲ. ಅನ್ನನಾಳ ಮೇಲೇ ಮುಚ್ಚಿಹೋಗಿತ್ತು. ಒಂದು ತೊಟ್ಟು ಹಾಲೂ ಕೊಡದೆ, ತಲೆಕಡೆ ಎತ್ತರ ಮಾಡಿ, ದಾರಿಯುದ್ದಕ್ಕೂ ಜೊಲ್ಲು ಎಳೆಯುತ್ತ ನಾನೇ ಜೊತೆಗೆ ಹೋದೆ. ನಾವು ಮುಟ್ಟುವಾಗ ಬಾಗಿಲಲ್ಲಿ ಸ್ಟ್ರೆಚರ್ ಕಾಯುತ್ತಿತ್ತು. ಹುಡುಗ ಈಗ ಕನ್ನಡ ಶಾಲೆಗೆ ಹೋಗುತ್ತಾನೆ. ರೊಟ್ಟಿ ತಿನ್ನುವಾಗ ನಡುನಡುವೆ ಒಂದೊಂದು ಗುಟುಕು ನೀರು ಬೇಕು ಅವನಿಗೆ. ಜಾತ್ರೆಯಲ್ಲಿ ಸಿಕ್ಕಾಗ ಅವನ ತಾಯಿ ನೀರಿನ ಬಾಟಲಿ ಎತ್ತಿ ತೋರಿಸಿ ನಕ್ಕಳು.

ಹೊಸದಾಗಿ ಬರುವ ನರ್ಸುಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ನವಜಾತ ಶಿಶು ಹಸಿರು ಕಕ್ಕಿದರೆ ಬೆಳಗಾಗಲಿ ಎಂದು ಕಾಯಬೇಡಿ. ಬಟ್ಟೆ ತೊಳೆಯಬೇಡಿ. ಹಾಗೇ ತನ್ನಿ, ಯಾರು ಡ್ಯೂಟಿಯಲ್ಲಿದ್ದರೂ ಅವರ ಮುಂದೆ ಬಿಚ್ಚಿ ಹಿಡಿಯಿರಿ, ಅವರು ನೋಡುವ ತನಕ ಮಡಚಬೇಡಿ.