ಗೆಂಡೆ ಮೀನಿನ ಕೊಳದಲ್ಲಿ ಒಂದು ದಿನದ ಗಾಳದ ಪಂದ್ಯ
(ಕೆರೆಕುಂಟೆಗಳನ್ನುಳ್ಳವರು ಅದರಿಂದ ತಿಳಿಯತಕ್ಕ ಅಂಶಗಳು)

ಪೀಠಿಕೆ

ಹೊಲಗದ್ದೆಗಳಂತೆ ನೀರೂ ಒಂದು ಬಗೆಯ ಸಾಗುವಳಿಯ ಭೂಮಿಯೇ ಆಗಿರುತ್ತದೆ. ಅದರಲ್ಲಿಯೂ ಬಿತ್ತನೆಯುಂಟು, ಮೇವುಂಟು, ರೋಗವುಂಟು, ಕೊಯ್ಲೂ ಉಂಟು. ಕೆರೆ, ಕುಂಟೆ, ಹೊಂಡಗಳನ್ನುಳ್ಳ ಗ್ರಾಮಗಳ ಮುಖಂಡರೂ ಜಮೀನುದಾರರೂ ಮೀನನ್ನು ಬಲೆಹಾಕಿ ಹಿಡಿದು ತೂಗಿ ಮಾರುವ ಕ್ರಮವನ್ನು ಬಲ್ಲರು. ಆದರೆ ಮೀನನ್ನು ಮಾರದೆ, ಅದನ್ನು ಹಿಡಿಯುವ ಅವಕಾಶವನ್ನು ಮಾತ್ರ ಮಾರಿ, ಹಿಡಿದ ಮೀನನ್ನು ಜೀವಸಹಿತವಾಗಿ ಮರಳಿ ನೀರಿಗೆ ಬಿಡಿಸುವ ಪದ್ಧತಿಯೊಂದು ಇಂಗ್ಲೆಂಡಿನಲ್ಲಿ ಬಹಳವಾಗಿ ಹರಡಿರುತ್ತದೆ. ಅಲ್ಲಿನ ಅನೇಕ ಬೇಸಾಯಗಾರರು 1980ರ ದಶಕದಿಂದೀಚೆಗೆ ತಮ್ಮ ಜಮೀನಿನ ಒಂದು ಭಾಗದಲ್ಲಿ ಕೊಳಗಳನ್ನು ತೋಡಿಸಿ, ಗೆಂಡೆ ಮೀನನ್ನು ಬಿಟ್ಟು, ಗಾಳಗಾರರಿಂದ ದಿನದ ಶುಲ್ಕವನ್ನು ಪಡೆದು ಜೀವನೋಪಾಯವನ್ನು ಹೆಚ್ಚಿಸಿಕೊಂಡಿದ್ದಾರೆ. ಇಂತಹ ಕೊಳಗಳಲ್ಲಿ ವರ್ಷಾವಧಿ ಪಂದ್ಯಗಳು ನಡೆಯುತ್ತವೆ. ಒಂದು ಪಂದ್ಯದ ದಿನವು ಹೇಗೆ ಸಾಗುತ್ತದೆ, ಅದರಲ್ಲಿ ಕೊಳದ ಒಡೆಯನಿಗೆ ಯಾವ ಅಪಾಯವಿದೆ, ಅವನು ಅದನ್ನು ಹೇಗೆ ನಿವಾರಿಸುತ್ತಾನೆ ಎಂಬುದು ಇಲ್ಲಿನ ಕೆರೆಗಳವರಿಗೂ ಉಪಯುಕ್ತವಾದ ಪಾಠವಾಗಿರುವುದು.

ಗಾಳದ ವಿನೋದವು ಕನ್ನಡನಾಡಿಗೆ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವಿದ್ದು, ಮೀನುಗಳ ಜಾತಿಗಳೂ ಅವುಗಳಿಗೆ ಹಾಕತಕ್ಕ ಆಹಾರವೂ ಅದರಲ್ಲಿ ವಿವರಿಸಲ್ಪಟ್ಟಿವೆ.

ಮೀನಿನ ಗುಣ

ಸಾಲ್ಮನ್, ಟ್ರೌಟ್ ಮೊದಲಾದವುಗಳನ್ನು ಬಿಟ್ಟು ಉಳಿದ ಸಿಹಿನೀರಿನ ಮೀನುಗಳನ್ನು ಇಂಗ್ಲಿಷರು ‘ಕೋರ್ಸ್’, ಎಂದರೆ ಒರಟು ಮೀನುಗಳೆಂದು ಕರೆಯುವರು. ರೋಚ್, ಬ್ರೀಮ್, ಟೆಂಚ್, ಗೆಂಡೆ ಇವು ಆ ವರ್ಗಕ್ಕೆ ಸೇರಿದವು. ಇವುಗಳಲ್ಲಿ ಗೆಂಡೆಯೇ ಕೊಳದ ಒಡೆಯರಿಗೆ ಮೆಚ್ಚಾದುದು. ಏಕೆಂದರೆ ಅದು ಬೇಗನೆ ಬೆಳೆಯುತ್ತದೆ. ಕದಡಿದ ನೀರಿನಲ್ಲಿಯೂ ಬಾಳುತ್ತದೆ. ಬೆಚ್ಚಗಿನ ದಿನಗಳಲ್ಲಿ ಹಗಲೆಲ್ಲ ಮೇಯುತ್ತದೆ. ಗಾಳಕ್ಕೆ ಸಿಕ್ಕಿದರೆ ಬಲವಾಗಿ ಎಳೆಯುವುದರಿಂದ ಗಾಳಗಾರನಿಗೆ ಸಂತೋಷವನ್ನುಂಟುಮಾಡುತ್ತದೆ. ಗೆಂಡೆಗೆ ದವಡೆಯಲ್ಲಿ ಹಲ್ಲುಗಳಿಲ್ಲ. ಗಂಟಲಿನಲ್ಲಿರುವ ಹಲ್ಲುಗಳಿಂದ ಆಹಾರವನ್ನು ಅರೆಯುತ್ತದೆ. ಜಠರವೂ ಇಲ್ಲದಿರುವುದರಿಂದ ಒಮ್ಮೆಗೆ ಬಹಳ ತಿಂದು ಕೂಡಿಟ್ಟುಕೊಳ್ಳಲಾರದೆ, ಆಗಾಗ್ಗೆ ಸ್ವಲ್ಪಸ್ವಲ್ಪವಾಗಿ ಮೇಯುತ್ತದೆ. ಪಂದ್ಯದಲ್ಲಿ ಮೇವು ಹಾಕುವ ಕ್ರಮವೆಲ್ಲ ಈ ಗುಣವನ್ನೇ ಅನುಸರಿಸಿರುತ್ತದೆ.

ಇದೇ ಜಾತಿಯ ಗೆಂಡೆಯು 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ತರಲ್ಪಟ್ಟಿತು. ಬೆಚ್ಚಗಿನ ಸೀಮೆಗೆ ಹೊಂದುವ ಇನ್ನೊಂದು ತಳಿಯು 1957ರಲ್ಲಿ ಬ್ಯಾಂಕಾಕಿನಿಂದ ಕಟಕಕ್ಕೆ ಬಂದಿತು. ಈಗ ಕರ್ನಾಟಕದ ಕೆರೆಗಳಲ್ಲಿ ‘ಸಾಮಾನ್ಯ ಗೆಂಡೆ’ ಎಂದು ಕರೆಯಲ್ಪಡುವುದು ಇದೇ ಮೀನು. ಆದುದರಿಂದ ಇಂಗ್ಲೆಂಡಿನ ಕೊಳದ ಅನುಭವವು ಇಲ್ಲಿಗೆ ಅಪ್ರಸ್ತುತವಲ್ಲ.

ಕೊಳದ ರಚನೆ

ಪಂದ್ಯಕ್ಕಾಗಿ ತೋಡಿದ ಕೊಳವು ಸ್ವಾಭಾವಿಕ ಸರೋವರದಂತಿರುವುದಿಲ್ಲ. ಅನೇಕ ಕಡೆ ಅದನ್ನು ಕಾಲುವೆಯಂತೆ ಕಿರಿದಾಗಿ, ಹಾವಿನಂತೆ ಬಳಸಿ ತೋಡುತ್ತಾರೆ. ಗಾಳಗಾರನ ಉದ್ದವಾದ ಕೋಲು ಎದುರು ದಡವನ್ನು ಮುಟ್ಟುವಷ್ಟು ಮಾತ್ರ ಅಗಲವಿರುತ್ತದೆ. ಆಳವು ಸಾಮಾನ್ಯವಾಗಿ ಆಳೆತ್ತರಕ್ಕೆ ಮೀರದು. ದಡದ ಸುತ್ತ ಸಮಾನ ದೂರದಲ್ಲಿ ಗೂಟಗಳನ್ನು ನೆಟ್ಟು ಸಂಖ್ಯೆ ಬರೆದು, ಪ್ರತಿಯೊಂದು ಗೂಟದ ಬಳಿ ಕುಳಿತುಕೊಳ್ಳಲು ಹಲಗೆಯ ಕಟ್ಟೆಯನ್ನು ಮಾಡಿರುತ್ತಾರೆ. ಈ ಏರ್ಪಾಟಿನ ಉದ್ದೇಶವು ನ್ಯಾಯವೇ ಆಗಿದೆ: ಯಾವ ಗೂಟಕ್ಕೆ ಕುಳಿತವನಿಗೂ ಮೀನು ಸಿಕ್ಕುವ ಅವಕಾಶವು ಸಾಧ್ಯವಾದಷ್ಟು ಸಮನಾಗಿರಬೇಕು.

ನದಿಗಳಲ್ಲಿ ಒರಟು ಮೀನುಗಳನ್ನು ಮಾರ್ಚಿ 15ರಿಂದ ಜೂನ್ 15ರ ವರೆಗೆ ಹಿಡಿಯಕೂಡದೆಂಬ ನಿಷೇಧವು ಇಂಗ್ಲೆಂಡಿನಲ್ಲಿ 1878ರಿಂದ ಬಂದಿರುತ್ತದೆ. ನಿಂತ ನೀರಿನ ಬಹುಪಾಲು ಕೊಳಗಳಿಗೆ ಈ ನಿಷೇಧವು 1995ರಲ್ಲಿ ತೆಗೆಯಲ್ಪಟ್ಟಿತು. ಇದರಿಂದ ಕೊಳದ ಒಡೆಯರಿಗೆ ಹನ್ನೆರಡು ತಿಂಗಳೂ ವರಮಾನವು ಸಾಧ್ಯವಾಯಿತು. ಹದಿಮೂರು ವರ್ಷ ತುಂಬಿದ ಪ್ರತಿಯೊಬ್ಬ ಗಾಳಗಾರನೂ ಸರಕಾರದ ಪರವಾನಗಿಯನ್ನು ಪಡೆದಿರಬೇಕು. ಕೊಳದ ಶುಲ್ಕವು ಅದರಿಂದ ಬೇರೆ.

ಪಂದ್ಯದ ಬೆಳಗು

ಪಂದ್ಯಕ್ಕೆ ಬಂದವರು ಬೆಳಿಗ್ಗೆಯೇ ಕೂಡಿ ಶುಲ್ಕವನ್ನು ಸಲ್ಲಿಸುತ್ತಾರೆ. ಒಂದು ಭಾಗವು ಕೊಳದ ಒಡೆಯನಿಗೆ ಸಲ್ಲುತ್ತದೆ; ಉಳಿದುದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಅನಂತರ ಚೀಟಿ ಎತ್ತುವುದು. ಚೀಟಿಯಲ್ಲಿ ಬಂದ ಸಂಖ್ಯೆಯ ಗೂಟಕ್ಕೇ ಹೋಗಿ ಕುಳಿತುಕೊಳ್ಳತಕ್ಕದ್ದು. ಎಷ್ಟೇ ಹೆಸರುವಾಸಿಯಾದ ಗಾಳಗಾರನಿಗೂ ಸ್ಥಳವನ್ನು ಆರಿಸಿಕೊಳ್ಳುವ ಹಕ್ಕಿಲ್ಲ.

ಗೂಟಕ್ಕೆ ಹೋದವನು ಮೊದಲು ಆಳವನ್ನು ನೋಡುತ್ತಾನೆ. ಗಾಳಕ್ಕೆ ಭಾರದ ಗುಂಡನ್ನು ಕಟ್ಟಿ ಇಳಿಬಿಟ್ಟು, ಬೆಂಡು ಮುಳುಗುವುದನ್ನೋ ತೇಲುವುದನ್ನೋ ಗಮನಿಸಿ, ತಳವು ಎಲ್ಲಿ ಇಳಿಜಾರು, ಎಲ್ಲಿ ಸಮತಟ್ಟು ಎಂಬುದನ್ನು ಅಂಗುಲದ ಲೆಕ್ಕದಲ್ಲಿ ತಿಳಿದುಕೊಳ್ಳುತ್ತಾನೆ. ಅವನ ಕೋಲು ಇಂಗಾಲದ ನಾರಿನಿಂದ ಮಾಡಿದ ತುಂಡುಗಳನ್ನು ಒಂದರೊಳಗೊಂದು ಸೇರಿಸಿದುದು. ಉದ್ದವು 16 ಮೀಟರುಗಳ ವರೆಗೂ ಇರಬಹುದು. ಕೋಲಿನ ತುದಿಯೊಳಗೆ ಓಡುವ ರಬ್ಬರಿನ ಎಳೆಯು ಮೀನಿನ ಎಳೆತವನ್ನು ತಾಳಿಕೊಳ್ಳುತ್ತದೆ. ಹಿಂದೆ ದಾರಕ್ಕೆ ಸೀಸದ ಗುಂಡುಗಳನ್ನು ಕಟ್ಟುತ್ತಿದ್ದರು. ಅವನ್ನು ನುಂಗಿ ಹಂಸಗಳು ವಿಷವೇರಿ ಸಾಯುತ್ತಿದ್ದುದರಿಂದ 0.06 ಗ್ರಾಮಿನಿಂದ 28.35 ಗ್ರಾಮಿನ ವರೆಗಿನ ಸೀಸದ ಗುಂಡುಗಳ ಮಾರಾಟವು 1987ರಲ್ಲಿ ನಿಷೇಧಿಸಲ್ಪಟ್ಟಿತು.

ಪಂದ್ಯದ ನಡವಳಿಕೆ

ಸೀಟಿಯಾದ ಕೂಡಲೆ ಎಲ್ಲರೂ ಏಕಕಾಲದಲ್ಲಿ ಗಾಳವನ್ನು ಇಳಿಬಿಡುತ್ತಾರೆ. ಪಂದ್ಯವು ಸಾಮಾನ್ಯವಾಗಿ ಐದಾರು ಗಂಟೆಗಳ ಕಾಲ ನಡೆಯುತ್ತದೆ. ಎರೆಯಾಗಿ ಮೆಕ್ಕೆಜೋಳದ ಕಾಳು, ಮೀನಿನ ಹಿಟ್ಟಿನ ಗುಳಿಗೆ, ನೊಣದ ಮರಿಹುಳು, ಎರೆಹುಳು, ಮಾಂಸದ ಸಣ್ಣ ತುಂಡು ಇವು ಬಳಕೆಯಲ್ಲಿವೆ. ಗಾಳ ಹಾಕಿದಲ್ಲಿಗೆ ಆಗಾಗ್ಗೆ ನಾಲ್ಕಾರು ಗುಳಿಗೆಗಳನ್ನು ಎಸೆಯುತ್ತಿರುವುದು ಮುಖ್ಯ. ಅವು ನೀರಿಗೆ ಬೀಳುವ ಸಪ್ಪಳಕ್ಕೇ ಗೆಂಡೆಗಳು ಕೂಡುತ್ತವೆ. ಆತುರಪಟ್ಟು ಹಿಡಿಹಿಡಿಯಾಗಿ ಎಸೆದವನ ಜಾಗದಲ್ಲಿ ಮೀನು ತಳಬಿಟ್ಟು ಮೇಲೇಳುತ್ತದೆ, ಇಲ್ಲವೆ ತಿಂದು ತಣಿದು ಗಾಳವನ್ನು ಮುಟ್ಟದೆ ಹೋಗುತ್ತದೆ.

ನುರಿತ ಗಾಳಗಾರನು ಒಂದೇ ಕಡೆ ದಿನವನ್ನೆಲ್ಲ ಕಳೆಯುವುದಿಲ್ಲ. ಎದುರು ದಡದ ಅಂಚು, ನಡುನೀರು, ತನ್ನ ಕಾಲಬಳಿಯ ದಡ ಇವುಗಳಿಗೆ ಸರದಿಯ ಮೇಲೆ ಮೇವನ್ನು ಹಾಕಿ ಸಿದ್ಧಪಡಿಸಿರುತ್ತಾನೆ. ದಡದ ಸದ್ದು ಅಡಗಿ ಹೊತ್ತು ಇಳಿಯುವಾಗ ದೊಡ್ಡ ಗೆಂಡೆಗಳು ಅಂಚಿಗೆ ಬರುವುದುಂಟು. ಅನೇಕ ಪಂದ್ಯಗಳು ಕೊನೆಯ ಒಂದು ಗಂಟೆಯಲ್ಲಿ ನಿರ್ಣಯವಾಗುತ್ತವೆ.

ಹಿಡಿದ ಮೀನನ್ನು ಕೈಬಲೆಯಿಂದ ಎತ್ತಿ, ಗಾಳವನ್ನು ಬಿಡಿಸಿ, ನೀರಿನೊಳಗೆ ಇಳಿಬಿಟ್ಟ ಉದ್ದವಾದ ಸಂಗ್ರಹಬಲೆಯಲ್ಲಿ ಬಿಡುತ್ತಾರೆ. ಬಹುಪಾಲು ಕೊಳಗಳಲ್ಲಿ ಹಿಮ್ಮುಳ್ಳಿಲ್ಲದ ಗಾಳವನ್ನೇ ಉಪಯೋಗಿಸಬೇಕೆಂಬ ನಿಯಮವಿದೆ. ಅದರಿಂದ ಬಾಯಿ ಹರಿಯುವುದು ಕಡಿಮೆ. ಸಂಗ್ರಹಬಲೆಯು 2 ಮೀಟರಿಗೆ ಕಡಿಮೆಯಿಲ್ಲದೆ, ಗಂಟಿಲ್ಲದ ಹೆಣಿಗೆಯದಾಗಿರಬೇಕೆಂದು ಅಲ್ಲಿನ ಶಾಸನವು ವಿಧಿಸುತ್ತದೆ. ಗಂಟುಗಳು ಮೀನಿನ ಹೊರೆಯನ್ನೂ ಅದರ ಮೇಲಿನ ಲೋಳೆಯನ್ನೂ ಕೀಳುತ್ತವೆ. ಲೋಳೆ ಹೋದ ಮೀನಿಗೆ ರೋಗವು ಸುಲಭವಾಗಿ ತಗಲುತ್ತದೆ.

ಕೊನೆಯ ಸೀಟಿಯಾದ ಮೇಲೆ ತಕ್ಕಡಿಯವರು ಗೂಟದಿಂದ ಗೂಟಕ್ಕೆ ಬರುತ್ತಾರೆ. ಮೀನನ್ನು ಒದ್ದೆಯಾದ ಜೋಳಿಗೆಯಲ್ಲಿಟ್ಟು ತೂಗಿ, ತೂಕವನ್ನು ಅಲ್ಲಿಯೇ ಕೂಗಿ ಹೇಳಿ ಬರೆದುಕೊಂಡು, ಕೂಡಲೆ ನೀರಿಗೆ ಬಿಡುತ್ತಾರೆ. ಹೆಚ್ಚು ತೂಕ ಹಿಡಿದವನು ಗೆದ್ದನು.

ಒಡೆಯನ ಅಪಾಯ

ನೋಡುವವರಿಗೆ ಇದು ವಿನೋದವಾದರೂ ಒಡೆಯನಿಗೆ ಆ ದಿನವು ಚಿಂತೆಯದು. ಮೂವತ್ತು ಮಂದಿ ಗಾಳಗಾರರು ತಲಾ 100 ಪೌಂಡು ಹಿಡಿದರೆಂದಿಟ್ಟುಕೊಂಡರೆ, ಪಂದ್ಯದ ಕೊನೆಗೆ 3,000 ಪೌಂಡು, ಎಂದರೆ ಸುಮಾರು 1,360 ಕಿಲೋಗ್ರಾಮು ಮೀನು ಬಲೆಗಳಲ್ಲಿ ಇಕ್ಕಟ್ಟಾಗಿ ನಿಂತಿರುತ್ತದೆ. ಅವನ ಬಂಡವಾಳದ ದೊಡ್ಡ ಭಾಗವು ಆ ಹೊತ್ತಿನಲ್ಲಿ ಉಸಿರಿಗಾಗಿ ಕಾದಿರುತ್ತದೆ ಎನ್ನಬಹುದು.

ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ನೀರು ಬಿಸಿಯಾದಂತೆಲ್ಲ ಅದು ಹಿಡಿಯಬಲ್ಲ ಆಮ್ಲಜನಕವು ಕಡಿಮೆಯಾಗುತ್ತದೆ. 10 ಡಿಗ್ರಿ ಸೆಂಟಿಗ್ರೇಡಿನ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಮನ್ನು ಹಿಡಿದರೆ, 20 ಡಿಗ್ರಿಯದು ಸುಮಾರು 9ನ್ನೂ, 30 ಡಿಗ್ರಿಯದು ಸುಮಾರು 7½ಯನ್ನೂ ಮಾತ್ರ ಹಿಡಿಯುತ್ತದೆ. ಆದರೆ ಬಿಸಿನೀರಿನಲ್ಲಿ ಮೀನಿಗೆ ಬೇಕಾಗುವ ಆಮ್ಲಜನಕವು ಹೆಚ್ಚು. ಹೀಗೆ ಆದಾಯವು ಕುಗ್ಗಿ ವೆಚ್ಚವು ಬೆಳೆಯುವ ಸಂಸಾರದಂತೆ ಬೇಸಗೆಯ ಕೊಳದ ಸ್ಥಿತಿಯಾಗುತ್ತದೆ. ಈ ಕಾರಣದಿಂದ ಅನೇಕ ಕೊಳಗಳಲ್ಲಿ ಒಂದು ಬಲೆಗೆ 50 ಪೌಂಡಿನಂತೆ ಮಿತಿಯನ್ನು ಗೊತ್ತುಮಾಡಿ, ಮಿತಿಮೀರಿದ ತೂಕವನ್ನು ಲೆಕ್ಕಕ್ಕೆ ಹಿಡಿಯದೆ ಬಿಡುತ್ತಾರೆ. ಸೆಖೆ ಹೆಚ್ಚಾದ ದಿನಗಳಲ್ಲಿ ಪಂದ್ಯದ ಅವಧಿಯನ್ನು ಇಳಿಸುವುದೂ ಬಲೆಯನ್ನೇ ನಿಷೇಧಿಸುವುದೂ ಉಂಟು. ಗಾಳಗಾರರು ಗೊಣಗಿದರೂ ಒಡೆಯನು ಸಡಿಲಿಸುವುದಿಲ್ಲ. ಮಾರುಕಟ್ಟೆಯ ಮೀನು ಒಂದೇ ಸಲ ಮಾರಾಟವಾಗುತ್ತದೆ. ಪಂದ್ಯದ ಕೊಳದ ಮೀನಾದರೋ ಬದುಕಿರುವ ತನಕ ಮತ್ತೆ ಮತ್ತೆ ಹಣವನ್ನು ತರುತ್ತದೆ.

ಎರಡನೆಯ ಅಪಾಯವು ರೋಗ. ಕೊಯ್ ಹರ್ಪಿಸ್ ಎಂಬ ವಿಷಾಣುರೋಗವು ಗೆಂಡೆಗಳಿಗೆ ನೀರು 16ರಿಂದ 28 ಡಿಗ್ರಿ ಬೆಚ್ಚಗಿರುವಾಗ ತಗಲಿ, ಕಿವಿರುಗಳನ್ನು ಕೆಡಿಸಿ, ಕೊಳವನ್ನೇ ಬರಿದುಮಾಡಬಲ್ಲದು. ಅದಕ್ಕೆ ಔಷಧವಿಲ್ಲ, ಮನುಷ್ಯರಿಗೆ ಅದು ತಗಲುವುದಿಲ್ಲ. ಸಂಶಯ ಬಂದ ಕೂಡಲೆ ಸರಕಾರಕ್ಕೆ ವರದಿ ಮಾಡುವುದು ಅಲ್ಲಿ ಕಡ್ಡಾಯವಾಗಿದೆ. ರೋಗವು ಒದ್ದೆ ಬಲೆಗಳ ಮೂಲಕವೂ ಕೊಳದಿಂದ ಕೊಳಕ್ಕೆ ಹೋಗಬಹುದಾದ ಕಾರಣ ಬಲೆಗಳನ್ನು ಕ್ರಿಮಿನಾಶಕದ ತೊಟ್ಟಿಯಲ್ಲಿ ಅದ್ದಿಸುತ್ತಾರೆ, ಇಲ್ಲವೆ ಕೊಳದ ಬಲೆಗಳನ್ನೇ ಕೊಡುತ್ತಾರೆ.

ಇಲ್ಲಿನ ಕೆರೆಗಳಿಗೆ ಅನ್ವಯ

ಈ ನಾಡಿನಲ್ಲಿ ಮೀನನ್ನು ಬೆಳೆಸುವುದು ಆಹಾರಕ್ಕಾಗಿ. ಆದಾಗ್ಯೂ ಮೇಲ್ಕಂಡ ಪದ್ಧತಿಯಿಂದ ಈ ಕೆಳಗಿನ ಅಂಶಗಳನ್ನು ಗ್ರಹಿಸಬಹುದು.

1. ನೀರಿನ ಶಕ್ತಿಗೆ ಮೀರಿ ಮರಿಗಳನ್ನು ಬಿಡಬಾರದು. ಕಾಟ್ಲಾ ಮೇಲ್ನೀರಿನಲ್ಲಿಯೂ, ರೋಹು ನಡುನೀರಿನಲ್ಲಿಯೂ, ಮೃಗಾಲ್ ತಳದಲ್ಲಿಯೂ ಮೇಯುತ್ತವೆ. ಸಾಮಾನ್ಯ ಗೆಂಡೆಯೂ ತಳದ ಮೀನಾದುದರಿಂದ ಅದನ್ನೂ ಮೃಗಾಲನ್ನೂ ಹೆಚ್ಚಾಗಿ ಬಿಟ್ಟರೆ ಒಂದರ ಮೇವನ್ನು ಇನ್ನೊಂದು ಕಸಿಯುವುದು. ಅಲ್ಲದೆ ಗೆಂಡೆಯು ಮೇವಿಗಾಗಿ ತಳವನ್ನೂ ದಡವನ್ನೂ ಕೆದಕುವುದರಿಂದ ಮಣ್ಣಿನ ಏರಿಯುಳ್ಳ ಸಣ್ಣ ಹೊಂಡಗಳಲ್ಲಿ ಏರಿಯ ಒಳಮೈಯನ್ನು ಆಗಾಗ್ಗೆ ಪರೀಕ್ಷಿಸತಕ್ಕದ್ದು.

2. ಮರಿಗಳನ್ನು ನಂಬಿಕೆಯುಳ್ಳ ಕೇಂದ್ರದಿಂದಲೇ ತರಿಸತಕ್ಕದ್ದು. ಕಾಟ್ಲಾ, ರೋಹು, ಮೃಗಾಲ್‌ಗಳು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಡವು. 1957ರ ಜುಲೈ 10ರಂದು ಕಟಕದಲ್ಲಿ ಹೀರಾಲಾಲ್ ಚೌಧುರಿಯವರೂ ಆಲಿಕುಂಞಿಯವರೂ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಮೊಟ್ಟೆಯಿಡಿಸಿದ ಮೇಲೆ ನದಿಗಳಿಂದ ಮರಿಗಳನ್ನು ಆಯುವ ತೊಂದರೆಯೂ, ಬೇರೆ ಜಾತಿಗಳು ಬೆರೆಯುವ ಭಯವೂ ತಪ್ಪುವ ಮಾರ್ಗವಾಯಿತು.

3. ಬೆಳಗಿನ ಜಾವದಲ್ಲಿ ಕೆರೆಯನ್ನು ನೋಡುವ ರೂಢಿಯನ್ನಿಟ್ಟುಕೊಳ್ಳಬೇಕು. ನೀರಿನ ಹಸುರು ಪಾಚಿಯು ಹಗಲಿನಲ್ಲಿ ಆಮ್ಲಜನಕವನ್ನು ಕೊಟ್ಟು ರಾತ್ರಿಯಲ್ಲಿ ಅದನ್ನೇ ಹೀರುವುದರಿಂದ ಸೂರ್ಯೋದಯಕ್ಕೆ ಮುಂಚೆ ಅದು ಅತ್ಯಂತ ಕಡಿಮೆಯಾಗಿರುತ್ತದೆ. ಆ ಹೊತ್ತಿನಲ್ಲಿ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಆಟವಲ್ಲ, ಉಸಿರಿನ ಸಂಕಟ. ಕೂಡಲೆ ಮೇವನ್ನೂ ಗೊಬ್ಬರವನ್ನೂ ನಿಲ್ಲಿಸಿ, ಹೊಸ ನೀರನ್ನು ಬಿಡತಕ್ಕದ್ದು. ಅದಿಲ್ಲದಿದ್ದರೆ ಪಂಪಿನಿಂದ ಕೆರೆಯ ನೀರನ್ನೇ ಎತ್ತಿ ಮಳೆಯಂತೆ ಮೇಲಿನಿಂದ ಬೀಳಿಸತಕ್ಕದ್ದು. ಹಲವು ದಿನಗಳ ಮೋಡದ ಅನಂತರ ಈ ಎಚ್ಚರಿಕೆಯು ಹೆಚ್ಚಾಗಿ ಬೇಕು.

4. ಮೇವನ್ನು ಸ್ವಲ್ಪಸ್ವಲ್ಪವಾಗಿ, ತಿಂದುದನ್ನು ನೋಡಿಕೊಂಡು ಹಾಕತಕ್ಕದ್ದು. ಉಳಿದ ಮೇವು ತಳದಲ್ಲಿ ಕೊಳೆತು ಆಮ್ಲಜನಕವನ್ನೇ ತಿನ್ನುತ್ತದೆ.

5. ಬೇರೆ ಕೆರೆಯಲ್ಲಿ ಬಳಸಿದ ಬಲೆಯನ್ನು ತೊಳೆದು ಬಿಸಿಲಿನಲ್ಲಿ ಪೂರ್ತಿಯಾಗಿ ಒಣಗಿಸದೆ ನೀರಿಗೆ ಇಳಿಸಗೊಡಬಾರದು.

6. ಮೀನು ಹಿಡಿಯುವ ದಿನ ತೂಕವು ಪಂದ್ಯದ ತೂಕದಂತೆ ಎಲ್ಲರ ಎದುರಿನಲ್ಲಿ, ಕೂಗಿ ಹೇಳಿ, ಬರೆದಿಡುವುದರಿಂದ ನಡೆಯಬೇಕು. ಗ್ರಾಮದ ಕೆರೆಯ ಮೀನಿನ ವಿಷಯದಲ್ಲಿ ಹುಟ್ಟುವ ವ್ಯಾಜ್ಯಗಳು ಬಹುಮಟ್ಟಿಗೆ ಮರೆಯಲ್ಲಿ ತೂಗಿದ ತೂಕದಿಂದಲೇ ಹುಟ್ಟುತ್ತವೆ. ಬರೆದಿಟ್ಟ ಲೆಕ್ಕವು ವ್ಯಾಜ್ಯವನ್ನು ತಡೆಯುವುದಲ್ಲದೆ ಮುಂದಿನ ವರ್ಷ ಎಷ್ಟು ಮರಿ ಬಿಡಬೇಕೆಂಬುದನ್ನೂ ತಿಳಿಸುತ್ತದೆ.

ದಿನಕ್ಕೊಮ್ಮೆ ಹೊಲದ ಬದುವನ್ನು ಸುತ್ತುವ ರೈತನಿಗೆ ಬೆಳೆಯ ಕೊರತೆಯು ಬೇಗನೆ ಕಣ್ಣಿಗೆ ಬೀಳುತ್ತದೆ. ಮೀನಿನ ಬೆಳೆಯು ನೀರಿನ ಅಡಿಯಲ್ಲಿ ಮರೆಯಾಗಿರುವುದರಿಂದ ಕೆರೆಯ ಏರಿಯನ್ನು ಸುತ್ತುವ ಅಭ್ಯಾಸವು ಅದಕ್ಕಿಂತಲೂ ಅವಶ್ಯಕವಾದುದು. ಮೇಲ್ಕಂಡ ಆರು ಅಂಶಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ. ಬೇಕಾದುದು ಬೆಳಗಿನ ಜಾವದ ಎಚ್ಚರವೂ ಒಂದು ಲೆಕ್ಕದ ಪುಸ್ತಕವೂ ಮಾತ್ರ.