ವಿಮಾನ ಚಾಲಕರಾಗುವ ಹಾದಿ

ದ್ವಿತೀಯ ಪಿ.ಯು.ಸಿ. ಫಲಿತಾಂಶ ಹೊರಬಿದ್ದ ಮಾರನೆಯ ವಾರ ನಮ್ಮ ಕಾಲೇಜಿನ ಪ್ರಯೋಗಶಾಲೆಯ ಬಾಗಿಲಿಗೆ ಇಬ್ಬರೋ ಮೂವರೋ ವಿದ್ಯಾರ್ಥಿಗಳು ಬಂದು ನಿಲ್ಲುವುದು ವರ್ಷವರ್ಷವೂ ನಡೆದುಬಂದಿದೆ. “ಸಾರ್, ಪೈಲಟ್ ಆಗಬೇಕೆಂದಿದ್ದೇನೆ. ಏನು ಮಾಡಬೇಕು?” ಎಂಬುದು ಅವರ ಪ್ರಶ್ನೆ. ಒಬ್ಬನಂತೂ ಇನ್ನೂ ಮುಂದೆ ಹೋಗಿ, “ಈಗ ವಿಮಾನವನ್ನು ಯಂತ್ರವೇ ನಡೆಸುತ್ತದಂತಲ್ಲ! ಹಾಗಿದ್ದಮೇಲೆ ಭೌತವಿಜ್ಞಾನ, ಗಣಿತ ಎರಡೂ ಬೇಕೆಂದು ಏಕೆ ಹಟ ಹಿಡಿಯುತ್ತಾರೆ?” ಎಂದು ಕೇಳಿದನು. ಕೇಳತಕ್ಕ ಪ್ರಶ್ನೆಯೇ ಸರಿ. ಪರೀಕ್ಷೆ, ಪರವಾನಗಿಗಳ ವಿಚಾರಕ್ಕೆ ಬರುವ ಮೊದಲು ಅವನಿಗೆ ಉತ್ತರ ಹೇಳುವುದು ಲೇಸು.

ಹೊಳೆಯನ್ನು ಅಡ್ಡಲಾಗಿ ದಾಟುವ ದೋಣಿಯ ಲೆಕ್ಕವನ್ನು ನೀವೆಲ್ಲರೂ ಮಾಡಿದ್ದೀರಿ. ಎದುರು ದಡದ ಮರವೊಂದಕ್ಕೆ ನೇರವಾಗಿ ತಲುಪಬೇಕೆನ್ನುವ ಅಂಬಿಗನು ದೋಣಿಯ ಮೂತಿಯನ್ನು ಮರದ ಕಡೆಗೆ ತಿರುಗಿಸುವುದಿಲ್ಲ. ಪ್ರವಾಹದ ಎದುರಿಗೆ ಸ್ವಲ್ಪ ಓರೆಯಾಗಿ ಹಿಡಿಯುತ್ತಾನೆ. ಆಕಾಶದಲ್ಲಿ ಹೊಳೆಯ ಬದಲು ಗಾಳಿ. ಗಂಟೆಗೆ 100 ನಾಟಿಕಲ್ ಮೈಲಿ ವೇಗದ ಸಣ್ಣ ತರಬೇತಿ ವಿಮಾನವೊಂದು ನೇರ ಉತ್ತರಕ್ಕೆ ಹೋಗಬೇಕಾಗಿದೆ, ಪಶ್ಚಿಮದಿಂದ 20 ಮೈಲಿ ವೇಗದ ಗಾಳಿ ಬೀಸುತ್ತಿದೆ ಎನ್ನಿ. (ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರು.) ಮೂತಿಯನ್ನು ಪಶ್ಚಿಮಕ್ಕೆ ಎಷ್ಟು ತಿರುಗಿಸಬೇಕು? ಯಾವ ಕೋನದ ಸೈನ್ ಬೆಲೆ 0.2 ಆಗಿರುವುದೋ ಅಷ್ಟು; ಅಂದರೆ ಸುಮಾರು ಹನ್ನೊಂದೂವರೆ ಡಿಗ್ರಿ. ಹೀಗೆ ತಿರುಗಿಸಿದಾಗ ನೆಲದ ಮೇಲಣ ವೇಗ 98 ಮೈಲಿಗೆ ಇಳಿಯುತ್ತದೆ. ತಿರುಗಿಸದೆ ಬಿಟ್ಟರೋ, ಒಂದು ಗಂಟೆ ಕಳೆಯುವಷ್ಟರಲ್ಲಿ ವಿಮಾನವು ಹಾದಿಯಿಂದ 20 ಮೈಲಿ ಪೂರ್ವಕ್ಕೆ ಸರಿದಿರುತ್ತದೆ. ಕೆಳಗೆ ಕಾಣುವ ಕೆರೆಯೂ ರೈಲು ಹಾದಿಯೂ ನಕ್ಷೆಯಲ್ಲಿರುವ ಕೆರೆ, ರೈಲು ಹಾದಿಗಳಾಗಿರುವುದಿಲ್ಲ.

ಇದೇ ತ್ರಿಕೋನಮಿತಿಯಿಂದ ವೈಮಾನಿಕರು ಮಾಡಿಕೊಂಡ ಒಂದು ಸುಲಭಸೂತ್ರವಿದೆ: ದಿಕ್ಕಿನಲ್ಲಿ ಒಂದು ಡಿಗ್ರಿ ತಪ್ಪಿದರೆ ಅರವತ್ತು ಮೈಲಿ ಹೋಗುವಷ್ಟರಲ್ಲಿ ಒಂದು ಮೈಲಿ ತಪ್ಪಿರುತ್ತೇವೆ. ಒಂದು ಕೈಯಲ್ಲಿ ಚಾಲನದಂಡ, ತೊಡೆಯ ಮೇಲೆ ನಕ್ಷೆ, ಕಿವಿಯಲ್ಲಿ ನಿಯಂತ್ರಣಾಧಿಕಾರಿಯ ಮಾತು, ಹೀಗಿರುವಾಗ ಲಾಗರಿದಮ್ ಕೋಷ್ಟಕ ತೆಗೆದು ನೋಡಲಾದೀತೆ? ಬಾಯಿಲೆಕ್ಕ ಬಾರದವನಿಗೆ ಈ ಕೆಲಸ ಬಲು ಕಷ್ಟ.

ಇನ್ನು ಎತ್ತರ. ಸಾಮಾನ್ಯ ಎತ್ತರಮಾಪಕವು ಅಳೆಯುವುದು ಎತ್ತರವನ್ನಲ್ಲ, ಗಾಳಿಯ ಒತ್ತಡವನ್ನು. ಅದರ ಮುಖದ ಮೇಲೆ ಅಡಿಗಳ ಅಂಕಿ ಬರೆದಿರುವುದರಿಂದ ನಾವು ಮೋಸಹೋಗುತ್ತೇವೆ. ಸಮುದ್ರಮಟ್ಟದ ಸಮೀಪದಲ್ಲಿ ಒಂದು ಹೆಕ್ಟೊಪಾಸ್ಕಲ್ ಒತ್ತಡವು ಸುಮಾರು 28 ಅಡಿ ಎತ್ತರಕ್ಕೆ ಸಮ. ಒತ್ತಡ ಹೆಚ್ಚಾಗಿರುವ ಊರಿನಿಂದ ಹೊರಟು, 10 ಹೆಕ್ಟೊಪಾಸ್ಕಲ್ ಕಡಿಮೆಯಿರುವ ಊರಿಗೆ ಬಂದ ಚಾಲಕನು ಮಾಪಕವನ್ನು ಹೊಸ ಒತ್ತಡಕ್ಕೆ ಹೊಂದಿಸಲು ಮರೆತನೆನ್ನಿ. ಮಾಪಕವು ಅವನಿಗೆ ನಿಜವಾಗಿ ಇರುವುದಕ್ಕಿಂತ 280 ಅಡಿ ಮೇಲಿರುವನೆಂದು ಹೇಳುತ್ತದೆ. ಮೋಡ ಕವಿದ ದಿನ, ಮುಂದೆ ಗುಡ್ಡವಿದ್ದರೆ, ಆ 280 ಅಡಿಗಳ ಬೆಲೆ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಹೊಸಬರನ್ನು ಕಾಡುವುದು ತಿರುವು. ವಿಮಾನವು ತಿರುಗಬೇಕಾದರೆ ಒಂದು ಪಕ್ಕಕ್ಕೆ ವಾಲಬೇಕು. ವಾಲಿದಾಗ ರೆಕ್ಕೆಗಳ ಎತ್ತುಬಲದ ಒಂದು ಭಾಗ ಮಾತ್ರ ಭಾರವನ್ನು ಹೊರುತ್ತದೆ, ಉಳಿದದ್ದು ತಿರುಗಿಸಲು ವ್ಯಯವಾಗುತ್ತದೆ. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ವಾಲಿ ತಿರುಗುವ ವಿಮಾನದ ರೆಕ್ಕೆಗಳು ಅದರ ತೂಕದ ಎರಡರಷ್ಟು ಬಲವನ್ನು ಒದಗಿಸಬೇಕು. ಏಕೆಂದರೆ 60 ಡಿಗ್ರಿಯ ಕೊಸೈನ್ ಅರ್ಧ. ವೇಗವು ಒಂದು ಮಿತಿಗಿಂತ ತಗ್ಗಿದರೆ ಗಾಳಿ ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಸಿಡಿಯುತ್ತದೆ, ಎತ್ತುಬಲ ಥಟ್ಟನೆ ಕುಸಿಯುತ್ತದೆ. ಇದನ್ನು ಸ್ಟಾಲ್ ಎನ್ನುತ್ತಾರೆ. ನೇರ ಹಾರಾಟದಲ್ಲಿ 50 ನಾಟ್ ವೇಗದಲ್ಲಿ ಸ್ಟಾಲ್ ಆಗುವ ವಿಮಾನವು ಇಂಥ ತಿರುವಿನಲ್ಲಿ ಸುಮಾರು 71 ನಾಟ್ ಇರುವಾಗಲೇ ಸ್ಟಾಲ್ ಆಗುತ್ತದೆ, ಎಂದರೆ ಎರಡರ ವರ್ಗಮೂಲದಷ್ಟು ಪಾಲು ಹೆಚ್ಚು. ಇಳಿದಾಣದ ಹಾದಿಗೆ ತಿರುಗುತ್ತಿರುವ ಶಿಷ್ಯನು ಗುರಿ ತಪ್ಪಿತೆಂದು ಗಾಬರಿಗೊಂಡು ಇನ್ನಷ್ಟು ವಾಲಿಸಿದಾಗ, ನೆಲ ಹತ್ತಿರವೇ ಇರುವಾಗ, ಈ ವರ್ಗಮೂಲ ಎದುರಾಗುತ್ತದೆ.

ನಮ್ಮ ಶರೀರವೂ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಚಿಕ್ಕಂದಿನಲ್ಲಿ ಗಿರಗಿರನೆ ಸುತ್ತಿ ಥಟ್ಟನೆ ನಿಂತಾಗ ಲೋಕವೇ ತಿರುಗಿದಂತೆ ಕಾಣುತ್ತಿತ್ತಷ್ಟೆ? ಒಳಗಿವಿಯ ಅರ್ಧವೃತ್ತನಾಳಗಳಲ್ಲಿರುವ ದ್ರವದ ಜಡತ್ವ ಅದಕ್ಕೆ ಕಾರಣ. ಮೋಡದೊಳಗೆ ಒಂದೇ ಸಮನೆ ತಿರುಗುತ್ತಿರುವ ವಿಮಾನದಲ್ಲಿ ಸ್ವಲ್ಪ ಹೊತ್ತಿಗೆ ಆ ದ್ರವವು ನಾಳದೊಡನೆ ಸಮವೇಗಕ್ಕೆ ಬರುತ್ತದೆ. ಆಗ ಚಾಲಕನಿಗೆ ತಾನು ನೇರವಾಗಿ ಹೋಗುತ್ತಿರುವೆನೆಂಬ ಭ್ರಮೆ. ವಿಮಾನವನ್ನು ಸರಿಪಡಿಸಿದೊಡನೆ ವಿರುದ್ಧ ದಿಕ್ಕಿಗೆ ತಿರುಗಿದಂತೆ ಭಾಸವಾಗಿ, ಅವನು ಮತ್ತೆ ಹಳೆಯ ಓರೆಗೇ ತಳ್ಳುತ್ತಾನೆ. ಇದರಿಂದ ಪಾರುಮಾಡುವುದು ಬುಗುರಿಯ ತತ್ತ್ವದ ಮೇಲೆ ಕೆಲಸಮಾಡುವ ಕೃತಕ ದಿಗಂತವೆಂಬ ಉಪಕರಣ. ಮೈ ಏನೇ ಹೇಳಲಿ, ಉಪಕರಣವನ್ನು ನಂಬು ಎಂಬ ಅಭ್ಯಾಸ ಒಂದು ದಿನದಲ್ಲಿ ಬರುವುದಿಲ್ಲ. ಈ ಬಗೆಯ ಶರೀರಧರ್ಮಗಳ ಅಧ್ಯಯನಕ್ಕಾಗಿಯೇ ವಾಯುಪಡೆಯ ಸಂಸ್ಥೆಯೊಂದು ಬೆಂಗಳೂರಿನಲ್ಲಿ 1957ರಿಂದ ಇದೆ. ಅದರ ಇಂದಿನ ಹೆಸರು ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್.

ಈಗ ಹಾದಿಯ ವಿಚಾರ. ಹಾದಿಗಳು ಮುಖ್ಯವಾಗಿ ಎರಡು: ಸೇನೆಯದು, ನಾಗರಿಕರದು. ಸೇನೆಯ ಹಾದಿಯಲ್ಲಿ ತರಬೇತಿಯ ವೆಚ್ಚ ಸರ್ಕಾರದ್ದು; ಪ್ರತಿಯಾಗಿ ನೀವು ಕೊಡುವುದು ನಿಮ್ಮ ಸೇವೆಯ ವರ್ಷಗಳನ್ನು. ನಾಗರಿಕ ಹಾದಿಯಲ್ಲಿ ವೆಚ್ಚ ನಿಮ್ಮದು.

ಹನ್ನೆರಡನೆಯ ತರಗತಿಯಲ್ಲಿರುವವರಿಗೆ ಸೇನೆಯ ಬಾಗಿಲು ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಕೇಂದ್ರ ಲೋಕಸೇವಾ ಆಯೋಗವು ವರ್ಷಕ್ಕೆ ಎರಡು ಬಾರಿ ಇದರ ಪರೀಕ್ಷೆ ನಡೆಸುತ್ತದೆ. ವಯಸ್ಸು ಸುಮಾರು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗಿರಬೇಕು. ಲಿಖಿತ ಪರೀಕ್ಷೆಗೆ 900 ಅಂಕ, ಅದರಲ್ಲಿ ಗಣಿತಕ್ಕೆ 300. ಆಯ್ಕೆ ಮಂಡಳಿಯ ಸಂದರ್ಶನಕ್ಕೆ ಮತ್ತೆ 900. 2022ರಿಂದ ಹೆಣ್ಣುಮಕ್ಕಳಿಗೂ ಇಲ್ಲಿ ಪ್ರವೇಶವುಂಟು. ವಾಯುಪಡೆಯ ಯುದ್ಧವಿಮಾನಗಳ ವಿಭಾಗಕ್ಕೆ ಮೊದಲ ಮೂವರು ಮಹಿಳೆಯರು ಸೇರಿದ್ದು 2016ರಲ್ಲಿ. ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಆ ಹೆಸರುಗಳನ್ನು ನಮ್ಮ ಹುಡುಗಿಯರು ಅರಿತಿರಬೇಕು. ಪದವೀಧರರಿಗೆ ವಾಯುಪಡೆಯ ಸ್ವಂತ ಪ್ರವೇಶ ಪರೀಕ್ಷೆಯೂ ಲೋಕಸೇವಾ ಆಯೋಗದ ಸಂಯುಕ್ತ ರಕ್ಷಣಾ ಸೇವಾ ಪರೀಕ್ಷೆಯೂ ಇವೆ. ಎನ್.ಸಿ.ಸಿ. ವಾಯುವಿಭಾಗದಲ್ಲಿ ‘ಸಿ’ ಪ್ರಮಾಣಪತ್ರ ಪಡೆದವರಿಗೆ ಪ್ರತ್ಯೇಕ ಅವಕಾಶವಿದೆ.

ವಾಯುಪಡೆಯ ಆಯ್ಕೆ ಮಂಡಳಿಗಳಲ್ಲಿ ಒಂದು ನಮ್ಮ ಮೈಸೂರಿನಲ್ಲಿಯೇ ಇದೆ. ಹಾರಾಟಕ್ಕೆ ಸೇರಬಯಸುವವರು ಅಲ್ಲಿ ಗಣಕಯಂತ್ರದ ಮುಂದೆ ಕುಳಿತು ಕೈ, ಕಾಲು, ಕಣ್ಣುಗಳ ಹೊಂದಾಣಿಕೆಯ ಪರೀಕ್ಷೆಯೊಂದನ್ನು ಕೊಡಬೇಕು. ಗಮನಿಸಿ: ಈ ಪರೀಕ್ಷೆ ಜೀವಮಾನದಲ್ಲಿ ಒಂದೇ ಸಲ. ಇದರಲ್ಲಿ ತಪ್ಪಿದವನಿಗೆ ವಾಯುಪಡೆಯ ಇತರ ಶಾಖೆಗಳುಂಟು, ಚಾಲಕನ ಆಸನವಿಲ್ಲ. ಆದುದರಿಂದ “ಸುಮ್ಮನೆ ಒಮ್ಮೆ ನೋಡಿ ಬರೋಣ” ಎಂದು ನಿದ್ದೆಗೆಟ್ಟು, ರಾತ್ರಿ ಬಸ್ಸಿನಲ್ಲಿ ಬಂದು ಕೂಡುವುದು ಅವಿವೇಕ. ದೇಹದ ಅಳತೆಗಳೂ ಮುಖ್ಯ. ಎತ್ತರ ಸಾಮಾನ್ಯವಾಗಿ 162.5 ಸೆಂಟಿಮೀಟರಿಗೆ ಕಡಿಮೆಯಿರಬಾರದು. ಚಾಲಕನ ಕೋಶ ಇಕ್ಕಟ್ಟಾದ ಕಾರಣ ಕುಳಿತಾಗಿನ ಎತ್ತರ, ಕಾಲಿನ ಉದ್ದಗಳನ್ನೂ ಅಳೆಯುತ್ತಾರೆ.

ಆಯ್ಕೆಯಾದವರು ಹೈದರಾಬಾದಿನ ಸಮೀಪದ ದುಂಡಿಗಲ್ಲಿನ ವಾಯುಪಡೆ ಅಕಾಡೆಮಿಗೆ ಹೋಗುತ್ತಾರೆ. ಮುಂದಿನ ಹಂತಗಳಲ್ಲಿ ಯುದ್ಧವಿಮಾನ, ಸಾಗಾಣಿಕೆ ವಿಮಾನ, ಹೆಲಿಕಾಪ್ಟರ್ ಎಂದು ದಾರಿ ಕವಲೊಡೆಯುತ್ತದೆ. ಈ ಕವಲುಗಳಲ್ಲಿ ಕೆಲವು ಕನ್ನಡನಾಡಿಗೆ ಬರುತ್ತವೆ: ಬೀದರಿನ ನೆಲೆಗೆ 2008ರಲ್ಲಿ ಹಾಕ್ ಜೆಟ್ ತರಬೇತಿ ವಿಮಾನಗಳು ಬಂದುವು, ಸಾಗಾಣಿಕೆ ವಿಮಾನ ಚಾಲಕರ ತರಬೇತಿಗೆ ಯಲಹಂಕ ಹೆಸರಾಗಿದೆ. ಹಿಂದಿನ ತಲೆಮಾರಿನ ಅನೇಕ ವೈಮಾನಿಕರು ಮೊದಲು ರೆಕ್ಕೆ ಬಿಚ್ಚಿದ್ದು ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್.ಟಿ.-2 ವಿಮಾನದಲ್ಲಿ.

ನಾಗರಿಕ ಹಾದಿಯಲ್ಲಿ ಪರವಾನಗಿ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಹನ್ನೆರಡನೆಯ ತರಗತಿಯಲ್ಲಿ ಭೌತವಿಜ್ಞಾನ, ಗಣಿತಗಳನ್ನು ಓದಿರಬೇಕೆಂಬುದು ಬಹುಕಾಲದಿಂದ ಇದರ ಕಟ್ಟಳೆ. ಅದನ್ನು ಸಡಿಲಿಸುವ ಮಾತು 2025ರಲ್ಲಿ ಕೇಳಿಬಂದಿತು. ಕಟ್ಟಳೆ ಸಡಿಲವಾದರೂ 60 ಡಿಗ್ರಿಯ ಕೊಸೈನ್ ಬದಲಾಗುವುದಿಲ್ಲವಷ್ಟೆ. ಹದಿನಾರು ವರ್ಷಕ್ಕೆ ಶಿಷ್ಯ ಪರವಾನಗಿ, ಹದಿನೆಂಟಕ್ಕೆ ವಾಣಿಜ್ಯ ಪರವಾನಗಿ. ಎರಡನೆಯದಕ್ಕೆ 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ 100 ಗಂಟೆ ತಾನೇ ಮುಖ್ಯ ಚಾಲಕನಾಗಿ, 10 ಗಂಟೆ ಕೇವಲ ಉಪಕರಣಗಳನ್ನು ನೋಡಿಕೊಂಡು, 5 ಗಂಟೆ ರಾತ್ರಿಯಲ್ಲಿ. ಜೊತೆಗೆ 300 ನಾಟಿಕಲ್ ಮೈಲಿಗಳ ಒಂದು ದೂರಪ್ರಯಾಣ. ಪಥನಿರ್ಣಯ, ಹವಾಶಾಸ್ತ್ರ, ವಿಮಾನಯಾನದ ಕಾನೂನು, ವಿಮಾನದ ಯಂತ್ರರಚನೆ ಎಂಬ ವಿಷಯಗಳ ಪರೀಕ್ಷೆಗಳಿವೆ. ರೇಡಿಯೋದಲ್ಲಿ ಮಾತನಾಡಲು ಬೇರೆಯೇ ಪರವಾನಗಿ ಬೇಕು. ಇಷ್ಟಾದಮೇಲೂ ದೊಡ್ಡ ವಿಮಾನವೊಂದರ ಮಾದರಿ ತರಬೇತಿ ಮುಗಿಸಿದ ನಂತರವೇ ಸಹಚಾಲಕನ ಆಸನ. ಕ್ಯಾಪ್ಟನ್ ಆಗಲು ಬೇಕಾದ ಮೇಲಿನ ಪರವಾನಗಿಗೆ 1500 ಗಂಟೆಗಳ ಅನುಭವ ಬೇಕು.

ಶಾಲೆಗಳು ಹಲವು. ಉತ್ತರಪ್ರದೇಶದ ಫುರ್ಸತ್‌ಗಂಜಿನಲ್ಲಿ ಕೇಂದ್ರ ಸರ್ಕಾರದ ಅಕಾಡೆಮಿಯಿದೆ. ಅದಕ್ಕೆ ಪ್ರವೇಶ ಪರೀಕ್ಷೆಯುಂಟು. ಬೆಂಗಳೂರಿನ ಜಕ್ಕೂರಿನಲ್ಲಿ ಮೈಸೂರು ಸರ್ಕಾರ 1940ರ ದಶಕದ ಕೊನೆಯಲ್ಲಿ ಆರಂಭಿಸಿದ ಶಾಲೆಯಿದೆ. ಖಾಸಗಿ ಶಾಲೆಗಳಿಗಂತೂ ಕೊರತೆಯಿಲ್ಲ. ಎಲ್ಲಿಯೇ ಆದರೂ ಖರ್ಚು ಹಲವು ಹತ್ತು ಲಕ್ಷ ರೂಪಾಯಿ. ಪರವಾನಗಿ ಬಂದೊಡನೆ ಕೆಲಸ ಸಿಕ್ಕೀತೆಂಬ ಭರವಸೆಯನ್ನು ಯಾವ ಶಾಲೆಯೂ ಕೊಡಲಾರದು. ವಿಮಾನ ಕಂಪೆನಿಗಳ ಭಾಗ್ಯ ಏರಿಳಿಯುತ್ತಿರುತ್ತದೆ.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿದ್ದ ಮಲೆನಾಡಿನ ಹುಡುಗನೊಬ್ಬ ಲೆಕ್ಕದಲ್ಲಿ ಬಹಳ ಚುರುಕು. ತಂದೆ ಅಡಿಕೆ ತೋಟವನ್ನು ಅಡವಿಟ್ಟು ಒಂದು ಶಾಲೆಗೆ ಮೊದಲ ಕಂತು ಕಟ್ಟಿದರು. ವೈದ್ಯಪರೀಕ್ಷೆ ಆಮೇಲೆ ಆಯಿತು. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಗುರುತಿಸುವ ಪುಟಗಳನ್ನು ಮುಂದಿಟ್ಟಾಗ, ಎಲ್ಲರಿಗೂ ಕಂಡ ಅಂಕಿ ಅವನಿಗೆ ಕಾಣಲಿಲ್ಲ. ಕೆಂಪು, ಹಸಿರುಗಳ ಭೇದ ತನಗೆ ಸರಿಯಾಗಿ ತಿಳಿಯದೆಂಬುದು ಹದಿನೆಂಟು ವರ್ಷ ಅವನಿಗೇ ಗೊತ್ತಿರಲಿಲ್ಲ. ಹುಟ್ಟಿನಿಂದ ಬಂದ ಇಂಥ ದೋಷಕ್ಕೆ ಚಿಕಿತ್ಸೆಯಿಲ್ಲ. ಗಂಡುಮಕ್ಕಳಲ್ಲಿ ಇದು ಅಷ್ಟೇನೂ ಅಪರೂಪವಲ್ಲ. ಕಟ್ಟಿದ ಹಣ ಹಿಂದಿರುಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ತಂದೆ ನನ್ನ ಬಳಿಗೆ ಬಂದು, “ಮೇಷ್ಟ್ರೇ, ಇದನ್ನ ಮೊದಲೇ ನೋಡ್ಬೋದಿತ್ತಾ?” ಎಂದು ಕೇಳಿದರು. ನೋಡಬಹುದಾಗಿತ್ತು. ಕಣ್ಣಿನ ವೈದ್ಯರಲ್ಲಿ ಹತ್ತು ನಿಮಿಷದ ಕೆಲಸ. ನಾನೂ ಆ ಹುಡುಗನಿಗೆ ಅದನ್ನು ಹೇಳಿರಲಿಲ್ಲ.

ಅಂದಿನಿಂದ ನಾನು ಬಂದವರಿಗೆಲ್ಲ ಮೊದಲು ಹೇಳುವುದು ಇದನ್ನೇ. ನಾಗರಿಕ ವೈದ್ಯಪರೀಕ್ಷೆಯಲ್ಲಿ ಎರಡು ವರ್ಗಗಳಿವೆ; ಮಹಾನಿರ್ದೇಶನಾಲಯವು ಒಪ್ಪಿದ ವೈದ್ಯರಲ್ಲಿ ಎರಡನೆಯ ವರ್ಗದ್ದನ್ನು ಮೊದಲು ಮುಗಿಸಿ, ವಾಣಿಜ್ಯ ಪರವಾನಗಿಗೆ ಬೇಕಾದ ಒಂದನೆಯ ವರ್ಗದ್ದನ್ನೂ ಪಡೆದು, ಆಮೇಲೆ ಹಣ ಕಟ್ಟಿರಿ. ಕನ್ನಡಕವಿದ್ದರೆ ಎದೆಗುಂದಬೇಕಾಗಿಲ್ಲ, ದೃಷ್ಟಿ ಕನ್ನಡಕದಿಂದ ಸರಿಹೋಗುವಂತಿದ್ದರೆ ನಾಗರಿಕ ವಿಮಾನಯಾನದಲ್ಲಿ ಅಡ್ಡಿಯಿಲ್ಲ. ಸೇನೆಯ ನಿಯಮ ಇದಕ್ಕಿಂತ ಬಿಗಿ.

ಈಗಿನಿಂದಲೇ ಮಾಡಬಹುದಾದ ಸಿದ್ಧತೆ ಹೆಚ್ಚೇನಿಲ್ಲ. ಸದಿಶಗಳನ್ನೂ ತ್ರಿಕೋನಮಿತಿಯನ್ನೂ ಅರ್ಥಮಾಡಿಕೊಂಡು ಕಲಿಯಿರಿ. ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ, ಚುಟುಕಾಗಿ ಮಾತನಾಡಲು ಅಭ್ಯಾಸಮಾಡಿರಿ. ಕನ್ನಡ ಮಾಧ್ಯಮದಿಂದ ಬಂದವರು ಇದಕ್ಕೆ ಹೆದರುತ್ತಾರೆ, ಆದರೆ ರೇಡಿಯೋದಲ್ಲಿ ಬಳಸುವ ಪದಗಳು ಕೆಲವೇ. ದಿನವೂ ಗಾಳಿಯ ದಿಕ್ಕನ್ನು ಗಮನಿಸಿರಿ.

ಬಿಡುವಿದ್ದರೆ ಈ ಲೆಕ್ಕವನ್ನೂ ಮಾಡಿ ನೋಡಿರಿ. 100 ನಾಟ್ ವೇಗದ ವಿಮಾನವೊಂದು 150 ನಾಟಿಕಲ್ ಮೈಲಿ ದೂರದ ಊರಿಗೆ ಹೋಗಿ, ಅಲ್ಲಿ ಇಳಿಯದೆ ತಿರುಗಿ ಬರಬೇಕು. ಗಾಳಿ ಹೋಗುವಾಗ ಬೆನ್ನಿಗೆ, ಬರುವಾಗ ಎದುರಿಗೆ, 20 ನಾಟ್. ಹೋಗುವಾಗ ಗಳಿಸಿದ್ದು ಬರುವಾಗ ಕಳೆದು ಒಟ್ಟು ಮೂರೇ ಗಂಟೆ ಎಂದು ತರಗತಿಯಲ್ಲಿ ಹೆಚ್ಚಿನವರು ಹೇಳುತ್ತಾರೆ. ನಿಜವಾಗಿ ಹಿಡಿಯುವುದು 3 ಗಂಟೆ ಏಳೂವರೆ ನಿಮಿಷ. ಟ್ಯಾಂಕಿನಲ್ಲಿ 3 ಗಂಟೆ 5 ನಿಮಿಷಕ್ಕೆ ಸಾಲುವಷ್ಟೇ ಇಂಧನವಿದ್ದರೆ ಎಂಜಿನ್ ನಿಲ್ಲುವುದು ಊರಿನಿಂದ ಎಷ್ಟು ದೂರದಲ್ಲಿ? ಉತ್ತರ: ಸುಮಾರು ಮೂರೂಕಾಲು ನಾಟಿಕಲ್ ಮೈಲಿ.