ದನದ ಸಂತೆಯ ನುಡಿ: ಸೊಲ್ಲಾಪುರದ ಜಾತ್ರೆಯಲ್ಲಿ ಒಂದು ದಿನ

ಗಡಿಭಾಗದ ಕನ್ನಡ ಐಚ್ಛಿಕ ವಿದ್ಯಾರ್ಥಿಗಳಲ್ಲಿ ಒಂದು ಸಂಕೋಚ ಬಹುಕಾಲದಿಂದ ಇದೆ. ಮನೆಯಲ್ಲಿ ಆಡುವ ಮಾತನ್ನು ಅವರು ‘ಕಲಬೆರಕೆ ಕನ್ನಡ’ವೆಂದು ತಾವೇ ಕರೆದುಕೊಳ್ಳುತ್ತಾರೆ; ಉತ್ತರಪತ್ರಿಕೆಯಲ್ಲಿ ಅದರ ಸುಳಿವೂ ಕಾಣದಂತೆ ಎಚ್ಚರ ವಹಿಸುತ್ತಾರೆ. ಹಾಲಿಗೆ ನೀರು ಬೆರೆತರೆ ಅದು ಕಲಬೆರಕೆ. ಎರಡು ಭಾಷೆಗಳು ಶತಮಾನಗಳ ಕಾಲ ಒಂದೇ ಅಂಗಳದಲ್ಲಿ ಬಾಳಿದಾಗ ಆಗುವುದೂ ಅದೇ ಏನು? ಅಥವಾ ಆ ಬೆರಕೆಗೆ ತನ್ನದೇ ಆದ ಒಂದು ಕ್ರಮ ಇರುವುದೇ? ಈ ಪ್ರಶ್ನೆಯನ್ನು ಪರೀಕ್ಷಿಸಲು ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆ ಒಳ್ಳೆಯ ಪಾಠಶಾಲೆ.

ಜಾತ್ರೆಯ ಹಿನ್ನೆಲೆ

ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಹನ್ನೆರಡನೆಯ ಶತಮಾನದ ಶಿವಯೋಗಿ, ವಚನಕಾರ ಸಿದ್ಧರಾಮನ ಊರು ಇದು. ರಾಘವಾಂಕನು ‘ಸಿದ್ಧರಾಮ ಚಾರಿತ್ರ’ದಲ್ಲಿ ಈತನ ಚರಿತ್ರೆಯನ್ನು ಷಟ್ಪದಿಯಲ್ಲಿ ಹಾಡಿದ್ದಾನೆ. ಕೆರೆ ಕಟ್ಟಿಸಿದ ಶರಣನೆಂದು ಸಿದ್ಧರಾಮನ ಕೀರ್ತಿ. ಆ ಕೆರೆಯ ನಡುವಿನ ಗುಡಿಯೇ ಜಾತ್ರೆಯ ಕೇಂದ್ರ.

ಮಕರ ಸಂಕ್ರಾಂತಿಯ ಸುತ್ತಿನ ದಿನಗಳಲ್ಲಿ ಏಳು ನಂದಿಧ್ವಜಗಳ ಮೆರವಣಿಗೆ, ಅರವತ್ತೆಂಟು ಲಿಂಗಗಳಿಗೆ ಎಣ್ಣೆಯ ಅಭಿಷೇಕ, ಅಕ್ಷತೆ, ಹೋಮ, ಮದ್ದು ಸುಡುವ ಸಂಭ್ರಮ ಒಂದರ ಹಿಂದೊಂದು ನಡೆಯುತ್ತವೆ. ಅಕ್ಷತೆ ಬೀಳುವ ಸ್ಥಳವನ್ನು ಮರಾಠಿಯಲ್ಲಿಯೂ ‘ಸಮ್ಮತಿ ಕಟ್ಟಾ’ ಎನ್ನುತ್ತಾರೆ. ‘ಕಟ್ಟಾ’ ನಮ್ಮ ಕಟ್ಟೆಯೇ. ಕೊನೆಯಲ್ಲಿ ನಂದಿಧ್ವಜಗಳ ಬಟ್ಟೆ ಬಿಚ್ಚುವ ವಿಧಿಗೆ ಮರಾಠಿ ಪತ್ರಿಕೆಗಳು ಇಂದಿಗೂ ‘ಕಪ್ಪಡಕಳಿ’ ಎಂದೇ ಬರೆಯುತ್ತವೆ. ಕಪ್ಪಡವೆಂದರೆ ಬಟ್ಟೆ, ಕಳೆ ಎಂದರೆ ತೆಗೆ. ಜಾತ್ರೆಗೆ ‘ಗಡ್ಡಾ’ ಎಂಬ ಹೆಸರೂ ಇದೆ. ಕೆರೆಯ ನಡುವಿನ ಗುಡಿಯನ್ನು ಕಂಡ ಕನ್ನಡಿಗನ ಕಿವಿಗೆ ಅಲ್ಲಿ ‘ನಡುಗಡ್ಡೆ’ ಕೇಳಿಸುವುದು ಸಹಜ. ಆದರೆ ಕಿವಿಗೆ ಕೇಳಿಸಿದ್ದೆಲ್ಲ ವ್ಯುತ್ಪತ್ತಿಯಾಗದು ಎಂಬ ಎಚ್ಚರವನ್ನು ಭಾಷಾ ವಿದ್ಯಾರ್ಥಿ ಇಲ್ಲಿಯೇ ಕಲಿಯಬೇಕು.

ದೇವರ ಜಾತ್ರೆಯ ಜೊತೆಗೆ ದನದ ಸಂತೆ ಸೇರಿದ್ದು ಬೇಸಾಯದ ಪಂಚಾಂಗಕ್ಕೆ ಅನುಸಾರವಾಗಿ. ಈ ಸೀಮೆ ಹಿಂಗಾರಿ ಜೋಳದ ಸೀಮೆ. ಪ್ರಸಿದ್ಧ ಮಾಲದಂಡಿ ಜೋಳದ ತಳಿಯನ್ನು ಆರಿಸಿದ್ದೂ ಇದೇ ಜಿಲ್ಲೆಯ ಮೋಹೋಳದಲ್ಲಿ. ಎಳ್ಳಮಾವಾಸ್ಯೆಯ ಚರಗ ಮುಗಿದು ಸಂಕ್ರಾಂತಿ ಬರುವ ಹೊತ್ತಿಗೆ ಜೋಳ ತೆನೆಗಟ್ಟಿರುತ್ತದೆ. ಸುಗ್ಗಿ ಇನ್ನೂ ದೂರವಿರುತ್ತದೆ. ರೈತನಿಗೂ ಎತ್ತಿಗೂ ಬಿಡುವಿರುವ ಕೆಲವೇ ವಾರಗಳು ಇವು. ಮುಂದಿನ ರಾಶಿಗೆ, ಗಾಡಿ ಹೂಡಲಿಕ್ಕೆ, ಮಾಗಿ ಉಳುಮೆಗೆ ಎತ್ತು ಕೊಳ್ಳುವವನು ಕೊಳ್ಳಬೇಕು, ಮಾರುವವನು ಮಾರಬೇಕು.

ಹಲ್ಲು ನೋಡುವ ಹೊತ್ತು

ಊರಿಗೆ ಒಂದು ಟ್ರ್ಯಾಕ್ಟರೂ ಇಲ್ಲದಿದ್ದ ಕಾಲದ ಒಂದು ದಿನವನ್ನು ಕಲ್ಪಿಸಿಕೊಳ್ಳಬಹುದು. ಅಕ್ಕಲಕೋಟೆಯ ಕಡೆಯ ರೈತನೊಬ್ಬ ಮಗನನ್ನು ಕರೆದುಕೊಂಡು ನಸುಕಿಗೇ ಸಂತೆಗೆ ಇಳಿಯುತ್ತಾನೆ. ಗಂಟಿನಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿ. ಮಾರುವವನು ಮಾಣದೇಶದ ಮರಾಠಿಗ. ತಂದದ್ದು ಖಿಲಾರಿ ಹೋರಿಗಳು. ಮರಾಠಿಯಲ್ಲಿ ‘ಖಿಲ್ಲಾರ’ ಎಂದರೆ ದನಗಳ ಹಿಂಡು. ಹಿಂಡಿನ ಹೆಸರೇ ತಳಿಯ ಹೆಸರಾಯಿತು. ಸೊಲ್ಲಾಪುರ, ಸಾಂಗಲಿ, ಸಾತಾರಾ ಜಿಲ್ಲೆಗಳಿಂದ ಬಿಜಾಪುರ, ಬೆಳಗಾವಿಗಳವರೆಗೆ ಹಬ್ಬಿದ ಈ ತಳಿ ಯಾವ ರಾಜ್ಯದ ಗಡಿಯನ್ನೂ ಲೆಕ್ಕಿಸಿದ್ದಲ್ಲ.

ರೈತ ಮೊದಲು ಕೇಳುವುದು ಬೆಲೆಯನ್ನಲ್ಲ, ಹಲ್ಲನ್ನು.

“ದಾತಾಲಾ ಕಸಾಯ್?” ಎಂದು ಅವನು ಮರಾಠಿಯಲ್ಲಿಯೇ ಕೇಳುತ್ತಾನೆ. “ಚೌಸಾ ಆಹೇ. ಬಘಾ ಅಣ್ಣಾ, ತೋಂಡ ಉಘಡೂನ ಬಘಾ” ಎಂದು ಮಾರುವವನ ಉತ್ತರ. ರೈತ ಮಗನ ಕಡೆಗೆ ತಿರುಗಿ, “ಎಷ್ಟ ಹಲ್ಲಾಗ್ಯಾವ, ಬಾಯಿ ಬಿಚ್ಚಿ ನೋಡೊ” ಎನ್ನುತ್ತಾನೆ. ಮಗ ಒಂದು ಕೈಯಲ್ಲಿ ಮೂಗದಾಣ ಹಿಡಿದು, ಇನ್ನೊಂದು ಕೈಯಿಂದ ಕೆಳದುಟಿಯನ್ನು ಸರಿಸಿ, “ನಾಕ ಹಲ್ಲ ಅದಾವಪ್ಪಾ” ಎನ್ನುತ್ತಾನೆ.

ಈ ನಾಲ್ಕು ಮಾತುಗಳಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಎತ್ತಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ಕೆಳದವಡೆಯಲ್ಲಿ ಎಂಟು ಇರುತ್ತವೆ. ಹಾಲುಹಲ್ಲುಗಳು ನಡುವಿನಿಂದ ಆರಂಭಿಸಿ ಜೊತೆಜೊತೆಯಾಗಿ ಬಿದ್ದು, ಅವುಗಳ ಜಾಗದಲ್ಲಿ ದೊಡ್ಡ ಹಲ್ಲುಗಳು ಬರುತ್ತವೆ. ಆದ್ದರಿಂದಲೇ ಲೆಕ್ಕ ಎರಡು, ನಾಲ್ಕು, ಆರು ಎಂದು ಏರುತ್ತದೆ. ಎಂಟೂ ಬಂದ ಮೇಲೆ ‘ಬಾಯಿಗೂಡಿತು’ ಎನ್ನುತ್ತಾರೆ. ಮೊದಲ ಜೊತೆ ಸುಮಾರು ಎರಡು, ಎರಡೂವರೆ ವರ್ಷಕ್ಕೆ. ಬಾಯಿಗೂಡುವುದು ಸುಮಾರು ನಾಲ್ಕರಿಂದ ಐದು ವರ್ಷಕ್ಕೆ. ಮರಾಠಿಯಲ್ಲಿ ಇದೇ ಏಣಿಗೆ ಅದತ, ದುಸಾ, ಚೌಸಾ, ಜುಳಲೇಲಾ ಎಂಬ ಮೆಟ್ಟಿಲುಗಳಿವೆ. ‘ಜುಳಲೇಲಾ’ ಎಂದರೆ ಕೂಡಿದ್ದು. ‘ಬಾಯಿಗೂಡಿದ’ ಎಂಬುದರ ಭಾವವೂ ಅದೇ. ನುಡಿ ಬೇರೆ, ನೋಟ ಒಂದೇ. ಎರಡು ಭಾಷೆಗಳು ಒಂದೇ ದನದ ಬಾಯಿಯನ್ನು ತಲೆಮಾರುಗಳ ಕಾಲ ಒಟ್ಟಿಗೆ ನೋಡಿದ ಗುರುತು ಇದು.

ಹಲ್ಲಾದ ಮೇಲೆ ಸುಳಿ. ಹಣೆ, ಬೆನ್ನು, ಕುತ್ತಿಗೆಗಳ ಮೇಲಿನ ಕೂದಲ ಸುಳಿಗಳನ್ನು ರೈತ ಬೆರಳಿನಿಂದ ತಡವಿ ನೋಡುತ್ತಾನೆ. ಮರಾಠಿಯವನು ಅದನ್ನು ‘ಭೋವರಾ’ ಎನ್ನುತ್ತಾನೆ. ಅನಂತರ ಗೊರಸು, ಹೆಗಲು, ನಡಿಗೆ. ಇಲ್ಲಿ ಹಳಗನ್ನಡದ ವಿದ್ಯಾರ್ಥಿ ಒಂದು ಕ್ಷಣ ನಿಲ್ಲಬೇಕು. ಹಲ್ಲು, ಹೆಗಲು, ಹಗ್ಗ, ಹೋರಿ, ಹುಲ್ಲು, ಹಾಲು, ಹೊಲ ಇವುಗಳ ಹಳೆಯ ರೂಪಗಳು ಕ್ರಮವಾಗಿ ಪಲ್, ಪೆಗಲ್, ಪಗ್ಗ, ಪೋರಿ, ಪುಲ್, ಪಾಲ್, ಪೊಲ. ಪಕಾರವು ಹಕಾರವಾದ ನಿಯಮಕ್ಕೆ ಪುಸ್ತಕದಲ್ಲಿ ಹುಡುಕುವ ಉದಾಹರಣೆಗಳೆಲ್ಲ ಒಂದೇ ಗೂಟದ ಸುತ್ತ ಕಟ್ಟಿಹಾಕಿದಂತಿವೆ. ಇನ್ನೂ ಕರು ಹಾಕದ ಆಕಳಿಗೆ ಹೇಳುವ ‘ಕಡಸು’, ‘ಮಣಕ’ ಎಂಬ ಮಾತುಗಳೂ ಇದೇ ಸಾಲಿನವು.

ಸಲಕರಣೆಗಳ ಸಾಲು

ಬಿಸಿಲೇರಿದ ಮೇಲೆ ತಂದೆ ಮಗ ಬಡಿಗರ, ಕಮ್ಮಾರರ, ಹಗ್ಗದವರ ಸಾಲಿಗೆ ಬರುತ್ತಾರೆ. ನೇಗಿಲು, ಕುಂಟೆ, ಎಡೆಕುಂಟೆ, ಕೂರಿಗೆ, ನೊಗ, ಮಿಣಿ, ಬಾರಕೋಲು, ಗೆಜ್ಜೆಸರ, ಕೊಂಬಿನ ತುದಿಗೆ ಹಾಕುವ ಹಿತ್ತಾಳೆಯ ಅಣಸು. ಪಕ್ಕದ ಗಿರಾಕಿ ಅವನ್ನೇ ನಾಂಗರ, ಕುಳವ, ಕೋಳಪೆ, ಪಾಭರ ಎಂದು ಕೇಳುತ್ತಿರುತ್ತಾನೆ. ದಕ್ಷಿಣ ಮಹಾರಾಷ್ಟ್ರದ ಮರಾಠಿಯಲ್ಲಿ ಬಿತ್ತುವ ಸಾಧನಕ್ಕೆ ‘ಕುರಿ’ ಎಂಬ ಹೆಸರೂ ಇದೆ. ಅದು ನಮ್ಮ ಕೂರಿಗೆಯ ಮಗ್ಗುಲಲ್ಲಿಯೇ ನಿಲ್ಲುವ ಪದ. ಕನ್ನಡದಲ್ಲಿ ಕೂರಿಗೆ ಬರಿಯ ಸಾಧನವಾಗಿ ಉಳಿಯದೆ ಭೂಮಿಯ ಅಳತೆಯೂ ಆಯಿತು. ‘ಎರಡು ಕೂರಿಗೆ ಹೊಲ’ ಎಂದರೆ ರೈತನಿಗೆ ವಿವರಣೆ ಬೇಕಿಲ್ಲ.

ಹಬ್ಬಗಳ ಹೆಸರಿನಲ್ಲಿಯೂ ಇದೇ ಸಂಚಾರ. ಮಹಾರಾಷ್ಟ್ರದ ಬಹುಭಾಗದಲ್ಲಿ ಎತ್ತಿನ ಹಬ್ಬವೆಂದರೆ ಶ್ರಾವಣ ಅಮಾವಾಸ್ಯೆಯ ಪೋಳಾ. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆ ಜ್ಯೇಷ್ಠದ ಹುಣ್ಣಿವೆಯ ಕಾರಹುಣ್ಣಿವೆ; ಮರಾಠಿ ಮಾತಿನವರೂ ಅದನ್ನು ‘ಕಾರಹುಣವಿ’ ಎಂದೇ ಕರೆಯುತ್ತಾರೆ. ಎಳ್ಳಮಾವಾಸ್ಯೆಯು ಲಾತೂರ, ಉಸ್ಮಾನಾಬಾದ್ ಕಡೆಯ ಮರಾಠಿಯಲ್ಲಿ ‘ಯೇಳವಸ’ವಾಗಿದೆ. ಹೊಲದ ಪದಗಳು ಗಡಿ ದಾಟುವಾಗ ಯಾರ ಅಪ್ಪಣೆಯನ್ನೂ ಕೇಳಿಲ್ಲ.

ವಲ್ಲಿಯ ಕೆಳಗಿನ ಲೆಕ್ಕ

ಮಧ್ಯಾಹ್ನದ ಹೊತ್ತಿಗೆ ವ್ಯಾಪಾರ ಕುದುರುವ ಹಂತಕ್ಕೆ ಬರುತ್ತದೆ. ಎರಡೂ ಭಾಷೆ ಬಲ್ಲ ದಲಾಲ ನಡುವೆ ನಿಲ್ಲುತ್ತಾನೆ. ಅವನು ರೈತನ ಕೈ ಹಿಡಿದು ಮೇಲೆ ವಲ್ಲಿ ಹೊದಿಸುತ್ತಾನೆ. ಮರೆಯಲ್ಲಿ ಎಷ್ಟು ಬೆರಳು ಹಿಡಿದನೋ ಅಷ್ಟು ಲೆಕ್ಕ. ಅದು ನೂರೋ ಸಾವಿರವೋ ಎಂಬುದು ದನವನ್ನು ನೋಡಿದವರಿಗೆ ತಿಳಿದೇ ಇರುತ್ತದೆ. ಸುತ್ತ ನಿಂತವರಿಗೆ ಕಾಣುವುದು ಮುಖಗಳು ಮಾತ್ರ: ಒಬ್ಬ ತಲೆಯಲ್ಲಾಡಿಸುತ್ತಾನೆ, ಇನ್ನೊಬ್ಬ ಕೈ ಕೊಡಹಿ ಹೊರಟಂತೆ ಮಾಡುತ್ತಾನೆ, ದಲಾಲ ಮತ್ತೆ ಎಳೆದು ತರುತ್ತಾನೆ. ಕನ್ನಡವೂ ಅಲ್ಲದ ಮರಾಠಿಯೂ ಅಲ್ಲದ ಈ ಮೂರನೆಯ ನುಡಿಗೆ ಲಿಪಿಯಿಲ್ಲ, ವ್ಯಾಕರಣವಿದೆ.

ಬೆಲೆ ಕೂಡಿದೊಡನೆ ಮಾತಿನ ಬಣ್ಣವೇ ಬದಲಾಗುತ್ತದೆ. ಸೌದಾ, ಖರೀದಿ, ದಲಾಲಿ, ಕರಾರು, ಜಾಮೀನು, ಜಕಾತಿ, ಪಾವತಿ. ಬೆಳಗಿನಿಂದ ಹಲ್ಲು, ಹೆಗಲು, ಸುಳಿ ಎನ್ನುತ್ತಿದ್ದ ಅದೇ ರೈತನ ಬಾಯಲ್ಲಿ ಈಗ ಅರಬ್ಬಿ, ಪಾರಸಿ, ಮರಾಠಿ ಮೂಲದ ಪದಗಳು ಸಾಲುಗಟ್ಟುತ್ತವೆ. ಸಂಜೆ ಅವನು ಎತ್ತಿನ ಹಣೆಗೆ ಭಂಡಾರ ಹಚ್ಚಿ, ಗುಡಿಯ ಕಡೆಗೆ ಕೈ ಮುಗಿದು, ಊರ ದಾರಿ ಹಿಡಿಯುತ್ತಾನೆ. ಹಗ್ಗ ಮಗನ ಕೈಯಲ್ಲಿ, ಪಾವತಿ ತಂದೆಯ ಕಿಸೆಯಲ್ಲಿ.

ಬೆರಕೆಯ ಕ್ರಮ

ಈ ಒಂದು ದಿನದ ಪದಗಳನ್ನು ಎರಡು ಪಟ್ಟಿಯಾಗಿ ಬರೆದರೆ ಆರಂಭದ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ದನದ ಮೈ, ಮೇವು, ಹೊಲ, ಸಲಕರಣೆ, ಋತು ಇವುಗಳ ಪದಗಳು ಬಹುಪಾಲು ಅಚ್ಚಗನ್ನಡ. ಹಣ, ಕಾಗದ, ಕಚೇರಿ, ತೆರಿಗೆ ಇವುಗಳ ಪದಗಳು ಬಹುಪಾಲು ಹೊರಗಿನಿಂದ ಬಂದವು. ಕಾರಣ ಚರಿತ್ರೆಯಲ್ಲಿದೆ. ಆದಿಲಶಾಹಿಯ ಕಾಲದಲ್ಲಿ ದಫ್ತರದ ಭಾಷೆಯಾಗಿದ್ದುದು ಪಾರಸಿ. ಪೇಶ್ವೆಯರ ಕಾಲದಲ್ಲಿ ಮೋಡಿ ಲಿಪಿಯ ಮರಾಠಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿಯೇ ಉಳಿದು, 1960ರಲ್ಲಿ ಮಹಾರಾಷ್ಟ್ರದ್ದಾಯಿತು. ಕಚೇರಿಯ ಭಾಷೆ ಬದಲಾದಂತೆ ಕಾಗದದ ಪದಗಳು ಬದಲಾದವು. ಕೊಟ್ಟಿಗೆಯ ಭಾಷೆ ಬದಲಾಗಲಿಲ್ಲ. ಇದು ಕಲಬೆರಕೆಯಲ್ಲ, ಪದರುಪದರಾಗಿ ಕೂತ ಚರಿತ್ರೆ.

ನಿಯಮಕ್ಕೆ ಒಂದು ಸೊಗಸಾದ ಅಪವಾದವೂ ಉಂಟು. ಮುಂಗಡವಾಗಿ ಕೊಟ್ಟು ವ್ಯಾಪಾರವನ್ನು ಗಟ್ಟಿಮಾಡುವ ಹಣಕ್ಕೆ ಮರಾಠಿಯಲ್ಲಿ ‘ಇಸಾರ’, ಕನ್ನಡದಲ್ಲಿ ‘ಸಂಚಕಾರ’. ಸಂಸ್ಕೃತದ ‘ಸತ್ಯಂಕಾರ’ದ ತದ್ಭವ ಇದು, ಮಾತನ್ನು ಸತ್ಯಮಾಡುವುದು ಎಂದು ಅರ್ಥ. ಇಂದಿನ ಪತ್ರಿಕೆಗಳಲ್ಲಿ ‘ಜೀವಕ್ಕೆ ಸಂಚಕಾರ’ ಎಂದು ಓದುವ ವಿದ್ಯಾರ್ಥಿಗೆ ಅದು ಅಪಾಯ ಎಂಬ ಅರ್ಥದ ಪದವಾಗಿ ಮಾತ್ರ ಗೊತ್ತು. ಸಂಚಕಾರ ಕೊಟ್ಟ ಮೇಲೆ ದನ ಇನ್ನೊಬ್ಬರದಾದಂತೆಯೇ. ಜೀವಕ್ಕೆ ಸಂಚಕಾರ ಬಂತೆಂದರೆ, ಮೃತ್ಯು ಮುಂಗಡ ಕೊಟ್ಟುಹೋದಂತೆ ಎಂದು ಆ ಮಾತನ್ನು ಅರ್ಥಮಾಡಿಕೊಳ್ಳಬಹುದು. ಸಂತೆಯ ನೆನಪಿಲ್ಲದೆ ಈ ರೂಪಕ ಬಿಚ್ಚಿಕೊಳ್ಳದು.

ಯಾವ ಪದರು ಮೊದಲು ಸವೆಯುತ್ತದೆ?

ಉಳುಮೆ, ಬಿತ್ತನೆ, ಸಾಗಣೆ ಎಲ್ಲವೂ ಇಂದು ಬಹುಮಟ್ಟಿಗೆ ಯಂತ್ರದ ಕೈಯಲ್ಲಿವೆ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಮಹಾರಾಷ್ಟ್ರದಲ್ಲಿ ದನದ ಸಂತೆಗಳನ್ನೇ ನಿಲ್ಲಿಸಬೇಕಾಯಿತು. ಇತ್ತ ಗಾಡಿ ಓಟದ ಸ್ಪರ್ಧೆಗಳಿಗೆ 2021ರ ಡಿಸೆಂಬರಿನಲ್ಲಿ ಷರತ್ತುಬದ್ಧ ಅನುಮತಿ ಮರಳಿ ಸಿಕ್ಕಿತು. ಖಿಲಾರಿಗೆ ಅದು ಒಂದು ಆಸರೆ. ಆದರೆ ಓಡುವ ಎತ್ತಿಗೆ ವೇಗದ ಮಾತು ಸಾಕು. ಕೂರಿಗೆ, ಮಿಣಿ, ಎಡೆಕುಂಟೆಗಳ ಮಾತು ಬೇಕಿಲ್ಲ.

ಇಲ್ಲಿಯೇ ಗಡಿಭಾಗದ ಕನ್ನಡದ ನಿಜವಾದ ಅಪಾಯವಿದೆ. ಕರಾರು, ಜಾಮೀನು, ಪಾವತಿಗಳಿಗೆ ಭಯವಿಲ್ಲ. ಎತ್ತಿನ ಬದಲು ಮೋಟಾರು ಸೈಕಲ್ಲು ಕೊಂಡರೂ ಅವು ಬೇಕೇ ಬೇಕು. ಎತ್ತಿನ ಜೊತೆಗೆ ಹೋಗುವುದು ಬಾಯಿಗೂಡು, ಮಣಕ, ಅಣಸು, ಮಿಣಿ. ಅಂದರೆ ಮಿಶ್ರ ನುಡಿಯಲ್ಲಿ ಕನ್ನಡವಾಗಿದ್ದ ಪದರೇ ಮೊದಲು ಸವೆಯುತ್ತದೆ. ‘ಮರಾಠಿ ಬಂದು ಕನ್ನಡವನ್ನು ನುಂಗಿತು’ ಎಂಬ ದೂರು ಇದಕ್ಕೆ ಸರಿಯಾದ ವಿವರಣೆಯಲ್ಲ. ಮರಾಠಿಯ ಅದತ, ದುಸಾ, ಚೌಸಾಗಳೂ ಅದೇ ದಾರಿ ಹಿಡಿದಿವೆ. ಒಂದು ಪದ ಸಾಯುವುದು ಬಹುಮಟ್ಟಿಗೆ ಇನ್ನೊಂದು ಭಾಷೆಯ ಕೈಯಿಂದಲ್ಲ, ಕೆಲಸ ಇಲ್ಲದೆ.

ಎತ್ತುಗಳನ್ನು ಮರಳಿ ತರುವುದು ಕನ್ನಡ ವಿಭಾಗದ ಕೆಲಸವಲ್ಲ. ಹೆಸರುಗಳನ್ನು ಅವುಗಳ ಅರ್ಥ, ಉಪಯೋಗಗಳೊಂದಿಗೆ ಬರೆದಿಡುವುದು ಖಂಡಿತವಾಗಿ ಅದರ ಕೆಲಸ. ಹಲ್ಲು ನೋಡಿ ವಯಸ್ಸು ಹೇಳಬಲ್ಲ ಅಜ್ಜ ಅನೇಕ ವಿದ್ಯಾರ್ಥಿಗಳ ಮನೆಯ ಕಟ್ಟೆಯ ಮೇಲೆಯೇ ಕುಳಿತಿದ್ದಾನೆ. ‘ಕಲಬೆರಕೆ’ ಎಂದು ಮೊಮ್ಮಗ ಮರೆಮಾಡುವ ಮಾತಿಗೆ ಅವನೇ ಈಗ ಉಳಿದಿರುವ ನಿಘಂಟು.

ಅಭ್ಯಾಸ

1. ಮನೆಯ ಅಥವಾ ಊರಿನ ಹಿರಿಯರೊಬ್ಬರಿಂದ ದನ ಮತ್ತು ಬೇಸಾಯಕ್ಕೆ ಸಂಬಂಧಿಸಿದ ಐವತ್ತು ಪದಗಳನ್ನು ಸಂಗ್ರಹಿಸಿ. ಅವರು ಉಚ್ಚರಿಸಿದಂತೆಯೇ ಬರೆಯಿರಿ, ಗ್ರಂಥರೂಪಕ್ಕೆ ತಿದ್ದಬೇಡಿ.

2. ಪ್ರತಿ ಪದದ ಮುಂದೆ ಆ ವಸ್ತು ಇಂದಿಗೂ ಬಳಕೆಯಲ್ಲಿದೆಯೇ ಎಂಬುದನ್ನು ಗುರುತಿಸಿ. ವಸ್ತು ಹೋದರೂ ಪದ ಉಳಿದಿರುವ ಉದಾಹರಣೆಗಳನ್ನು ಬೇರೆಯಾಗಿ ಬರೆಯಿರಿ.

3. ಸಂಗ್ರಹಿಸಿದ ಪದಗಳಲ್ಲಿ ಹಕಾರದಿಂದ ಆರಂಭವಾಗುವವನ್ನು ಆರಿಸಿ, ಪಕಾರದ ಹಳೆಯ ರೂಪವಿದೆಯೇ ಎಂದು ನಿಘಂಟಿನಲ್ಲಿ ನೋಡಿ.

4. ಅದೇ ವಸ್ತುವಿಗೆ ನೆರೆಮನೆಯ ಮರಾಠಿ ಮಾತಿನವರು ಬಳಸುವ ಪದವನ್ನು ಕೇಳಿ ಬರೆದುಕೊಳ್ಳಿ. ಧ್ವನಿಯಲ್ಲಿ ಹೋಲುವವು ಯಾವುವು, ಭಾವದಲ್ಲಿ ಮಾತ್ರ ಹೋಲುವವು ಯಾವುವು ಎಂದು ವಿಂಗಡಿಸಿ.